ಉತಾರ, ಮೋಡಿ ಅಕ್ಷರ, ಮೇನ್‌ಫ್ರೇಮ್: ದಾಖಲೆ ಓದಬಲ್ಲವರ ಕಥೆ

(1/6)
"ಉತಾರ ತರಾಕ ಹೋಗಿದ್ದೆ" ಅನ್ನೋ ಮಾತು ನವಲಗುಂದ, ಕುಂದಗೋಳ, ಕಲಘಟಗಿ, ಅಣ್ಣಿಗೇರಿ ಕಡೆ ಯಾರ ಮನ್ಯಾಗ ಕೇಳಿಲ್ಲ ಹೇಳ್ರಿ? ಸರ್ವೆ ನಂಬರ್, ಕ್ಷೇತ್ರ, ಮಾಲಕರ ಹೆಸರು, ಬೆಳೆ, ಸಾಲದ ಬೋಜಾ, ಎಲ್ಲಾ ಒಂದು ಹಾಳಿಯೊಳಗ. ಆ ಹಾಳಿ ಇದ್ರ ಸಾಲ ಸಿಗತೈತಿ, ಬೆಳೆ ವಿಮೆ ಸಿಗತೈತಿ, ಅಣ್ತಮ್ಮಂದಿರ ವಾಟ್ನಿ ಆಗತೈತಿ. ಹೆಸರು ತಪ್ಪಿದ್ರ ಮುಗೀತು, ಕಚೇರಿ ಅಲೆದಾಟ.

ಇದರ ಇತಿಹಾಸವನ್ನು ಒಂದು ಪ್ರಶ್ನೆಯಲ್ಲಿ ಹಿಡಿಯಬಹುದು: ಈ ದಾಖಲೆಯನ್ನು ಓದಲು ಬರುತ್ತಿದ್ದದ್ದು ಯಾರಿಗೆ?

ಮರಾಠರ ಆಳ್ವಿಕೆಯಲ್ಲಿ ನಮ್ಮ ಕಡೆಯ ಕಂದಾಯ ಲೆಕ್ಕ ಮೋಡಿ ಲಿಪಿಯಲ್ಲಿ ನಡೆಯುತ್ತಿತ್ತು. ಹೊಲ ಕನ್ನಡ ಮಾತಾಡೋ ರೈತಂದು, ಲೆಕ್ಕ ಮೋಡಿ ಓದಬಲ್ಲ ಕುಲಕರ್ಣಿಯದು. 1840ರ ದಶಕದಲ್ಲಿ ಮುಂಬೈ ಸರಕಾರದ ಸರ್ವೆ ಬಂತು, ಹೊಲಕ್ಕೆ ನಂಬರ್ ಬಂತು. ಕುಂದಗೋಳದ ಕಥೆ ಇನ್ನೂ ಬ್ಯಾರೆ. ಅದು 1948ರ ತನಕ ಜಮಖಂಡಿ ಸಂಸ್ಥಾನದ ತುಂಡು, ಅಲ್ಲಿನ ದಫ್ತರವೇ ಬೇರೆ. ಮುಂದೆ ಕುಲಕರ್ಣಿ ವತನ ರದ್ದಾಗಿ ತಲಾಠಿ ಬಂದರು. ಲಿಪಿ ಕನ್ನಡವಾಯ್ತು ಖರೆ, ಪುಸ್ತಕ ಮಾತ್ರ ಒಬ್ಬರ ಕಪಾಟಿನಲ್ಲೇ ಉಳೀತು.

ಇದಕ್ಕೂ ಮೇನ್‌ಫ್ರೇಮ್ ಕಂಪ್ಯೂಟರಿಗೂ ಏನು ಸಂಬಂಧ? ಮುಂದ ಓದ್ರಿ.

(2/6)
ಮೇನ್‌ಫ್ರೇಮ್ ಅಂದ್ರ ಬ್ಯಾಂಕು, ವಿಮೆ, ವಿಮಾನಯಾನ, ಸರಕಾರದಂಥ ದೊಡ್ಡ ಲೆಕ್ಕದ ಮನೆಗಳ ಕಂಪ್ಯೂಟರ್. ಅದನ್ನು ಬಳಸುವವರಲ್ಲಿ ಎರಡು ಜಾತಿಯ ಪ್ರೋಗ್ರಾಮರ್‌ಗಳು. ಸಂಬಳದ ಪಟ್ಟಿ, ಬಡ್ಡಿ ಲೆಕ್ಕದ ಪ್ರೋಗ್ರಾಂ ಬರೆಯೋರು ಒಂದು ಕಡೆ. ಆ ಪ್ರೋಗ್ರಾಂ ಓಡೋ ನೆಲವನ್ನೇ ಕಾಯೋ ಸಿಸ್ಟಂ ಪ್ರೋಗ್ರಾಮರ್ ಇನ್ನೊಂದು ಕಡೆ. ಬಿತ್ತೋರು ಬ್ಯಾರೆ, ಕಾಲುವೆ ಗೇಟು ನೋಡ್ಕೊಳ್ಳೋರು ಬ್ಯಾರೆ, ಹಂಗ. ನೀರು ಬರೋ ತನಕ ಗೇಟಿನವನ ನೆನಪು ಯಾರಿಗೂ ಬರೂದಿಲ್ಲ. ನೀರು ನಿಂತ ದಿನ ಎಲ್ಲಾರೂ ಅವನನ್ನೇ ಹುಡುಕ್ತಾರ.

1955ರ ಆಗಸ್ಟ್. ಅಮೆರಿಕದ ಲಾಸ್ ಏಂಜಲೀಸ್ ಭಾಗದ ಕಂಪನಿಗಳು ಐಬಿಎಂ 704 ಅನ್ನೋ ಹೊಸ ಯಂತ್ರಕ್ಕೆ ಕಾಯುತ್ತಿದ್ದವು. ಯಂತ್ರದ ಜೊತೆ ಬರುವ ಪ್ರೋಗ್ರಾಂ ಬಹಳ ಕಡಿಮೆ. ಪ್ರತಿ ಕಂಪನಿಯೂ ಅದೇ ಕೆಲಸವನ್ನು ಬೇರೆಬೇರೆಯಾಗಿ ಮಾಡಬೇಕು. ಇವುಗಳಲ್ಲಿ ಹಲವು ವಿಮಾನ ಕಟ್ಟುವ ಕಂಪನಿಗಳು, ವ್ಯಾಪಾರದಲ್ಲಿ ಒಬ್ಬರಿಗೊಬ್ಬರು ಎದುರಾಳಿಗಳು. ಆದ್ರೂ ಅವರ ಪ್ರೋಗ್ರಾಮರ್‌ಗಳು ಒಂದು ಕಡೆ ಕೂತು ಒಂದು ಕೂಟ ಕಟ್ಟಿದರು. ಹೆಸರೇ 'ಶೇರ್', ಹಂಚಿಕೊಳ್ಳೋದು.

ನಮ್ಮ ಭಾಷೆಯೊಳಗ ಇದಕ್ಕ ಮುಯ್ಯಾಳು ಅಂತಾರ. ಇವತ್ತು ನಿಮ್ಮ ಹೊಲದ ಕಳೆ ನಾವು ತೆಗೀತೀವಿ, ನಾಳೆ ನಮ್ಮ ಹೊಲಕ್ಕ ನೀವು ಬರ್ರಿ. ರೊಕ್ಕದ ಮಾತಿಲ್ಲ. ಒಬ್ಬರು ಬರೆದ ಪ್ರೋಗ್ರಾಂ ಕೂಟದ ಭಂಡಾರಕ್ಕೆ ಹೋಗ್ತಿತ್ತು, ಬೇಕಾದವರು ಒಯ್ಯುತ್ತಿದ್ದರು.

(3/6)
ಇಂಥ ಕೂಟಗಳಲ್ಲಿ ಸಿಸ್ಟಂ ಪ್ರೋಗ್ರಾಮರ್‌ಗಳು ಏನು ಮಾತಾಡ್ತಾರ? ಯಂತ್ರ ನಡುವೆ ನಿಂತಾಗ ಅದರ ನೆನಪಿನಲ್ಲಿದ್ದ ಅಂಕಿಗಳನ್ನೆಲ್ಲ ಹಾಳೆಗೆ ಸುರಿಯುತ್ತದೆ. ಅದಕ್ಕೆ ಡಂಪ್ ಅಂತ ಹೆಸರು. ಬೆಳೆ ಹಾಳಾದಾಗ ಪಂಚನಾಮೆ ಮಾಡ್ತಾರಲ್ಲ, ಇದು ಯಂತ್ರದ ಪಂಚನಾಮೆ. ಅದನ್ನು ಓದೋದು ಹ್ಯಾಂಗ? ಹೊಸ ಆವೃತ್ತಿ ಹಾಕುವಾಗ ನಿನ್ನೆಯ ಲೆಕ್ಕ ಹೋಗದಂಗ ನೋಡ್ಕೊಳ್ಳೋದು ಹ್ಯಾಂಗ? ಟೇಪಿನಿಂದ ವಾಪಸ್ ತರೋದು ಹ್ಯಾಂಗ?

ಅವರು ಕಲಿತ ದೊಡ್ಡ ಪಾಠವೊಂದು ನಮ್ಮ ಅಡತಿ ಅಂಗಡಿಯವರಿಗೆ ಮೊದಲೇ ಗೊತ್ತಿತ್ತು. ಅಣ್ಣಿಗೇರಿ ಪ್ಯಾಟಿಯೊಳಗ ಕಡ್ಲಿ, ಹತ್ತಿ ಬಂದ್ರ ಮೊದಲು ಕಿರ್ದಿಯೊಳಗ ಬರೀತಾರ, ಆಮ್ಯಾಲ ಖಾತೆಗೆ ಏರಿಸ್ತಾರ. ಖಾತೆ ಪುಸ್ತಕ ಸುಟ್ಟು ಹೋದ್ರೂ ಕಿರ್ದಿ ನೋಡಿ ಮತ್ತ ಕಟ್ಟಬಹುದು. ದೊಡ್ಡ ಕಂಪ್ಯೂಟರಿನಲ್ಲೂ ಅದೇ ಕ್ರಮ. ಬದಲಾವಣೆಯನ್ನು ಮೊದಲು ಲಾಗ್‌ನಲ್ಲಿ ಬರೆದು ಆಮೇಲೆ ಮೂಲ ದಾಖಲೆ ತಿದ್ದಬೇಕು. ನಡುವೆ ಕರೆಂಟ್ ಹೋದ್ರ ಅರ್ಧ ಆದ ಕೆಲಸವನ್ನ ಪೂರ್ತಿ ಮಾಡಬೇಕು, ಇಲ್ಲಾ ಪೂರ್ತಿ ಅಳಿಸಬೇಕು. ಅರ್ಧ ಬಿಡೂಹಂಗಿಲ್ಲ.

1964ರ ಏಪ್ರಿಲ್ 7ರಂದು ಐಬಿಎಂ ಸಿಸ್ಟಂ/360 ಸಾಲಿನ ಯಂತ್ರಗಳನ್ನು ಘೋಷಿಸಿತು. ಅದರ ಕಾರ್ಯಾಚರಣ ವ್ಯವಸ್ಥೆಯ ಮೂಲ ಬರಹ, ಅಂದರೆ ಸೋರ್ಸ್ ಕೋಡ್, ಗಿರಾಕಿಗಳ ಕೈಗೂ ಸಿಗುತ್ತಿತ್ತು. ಸಿಸ್ಟಂ ಪ್ರೋಗ್ರಾಮರ್‌ಗಳು ಓದಿ, ತಿದ್ದಿ, ತಿದ್ದಿದ್ದನ್ನು ಕೂಟದಲ್ಲಿ ಹಂಚುತ್ತಿದ್ದರು. 1983ರಲ್ಲಿ ಐಬಿಎಂ ಆ ಬಾಗಿಲು ಮುಚ್ಚುವುದಾಗಿ ಹೇಳಿತು. ಇನ್ನು ಮುಂದೆ ಯಂತ್ರ ಓದುವ ರೂಪ ಮಾತ್ರ, ಮನುಷ್ಯ ಓದುವ ರೂಪ ಇಲ್ಲ. ಕನ್ನಡದಾಗಿದ್ದ ಲೆಕ್ಕ ಮತ್ತ ಮೋಡಿಗೆ ಹೋದಂಗಾತು ನೋಡ್ರಿ. ಆಮೇಲೆ ಉಳಿದದ್ದು ಬಲ್ಲವರ ಬಾಯಿಮಾತು. ಅದಕ್ಕೇ ಇಂಥ ಉಪನ್ಯಾಸಗಳ ಬೆಲೆ ಮತ್ತಷ್ಟು ಏರಿತು.

(4/6)
ಈ ವಿದ್ಯೆ ನಮ್ಮ ದೇಶಕ್ಕೆ ಬಂದದ್ದು ಹೇಗೆ?

1963ರಲ್ಲಿ ಕಾನ್ಪುರ ಐಐಟಿಗೆ ಐಬಿಎಂ 1620 ಬಂತು. ಅಲ್ಲಿ ಕಲಿಸಿದ ವಿ. ರಾಜಾರಾಮನ್ ಮುಂದೆ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಗೆ ಬಂದರು. ಅವರ ಕಡಿಮೆ ಬೆಲೆಯ ಪಠ್ಯಪುಸ್ತಕಗಳಿಂದ ಒಂದು ತಲೆಮಾರೇ ಕಂಪ್ಯೂಟರ್ ಕಲಿಯಿತು. ಶಿಡ್ಲಘಟ್ಟದಲ್ಲಿ ಹುಟ್ಟಿದ ನಾರಾಯಣ ಮೂರ್ತಿ ಕಾನ್ಪುರದಲ್ಲಿ ಓದಿ, ಅಹಮದಾಬಾದ್ ಐಐಎಂನಲ್ಲಿ ಹಿಡಿದ ಕೆಲಸದ ಹೆಸರೇ ಮುಖ್ಯ ಸಿಸ್ಟಂ ಪ್ರೋಗ್ರಾಮರ್. ಇನ್ಫೋಸಿಸ್ ಶುರುವಾದದ್ದು ಅದಕ್ಕಿಂತ ಎಷ್ಟೋ ಮುಂದ, 1981ರಾಗ.

ನಮ್ಮ ಕಡೆಯವರು? ಶಿಗ್ಗಾವಿ ಆಗ ಧಾರವಾಡ ಜಿಲ್ಲೆಯೊಳಗಿತ್ತು. ಅಲ್ಲಿ ಹುಟ್ಟಿದ ಸುಧಾ ಮೂರ್ತಿ ಹುಬ್ಬಳ್ಳಿಯ ಬಿವಿಬಿ ಕಾಲೇಜಿನಲ್ಲಿ ಎಂಜಿನಿಯರಿಂಗ್ ಓದಿ, ವಿಜ್ಞಾನ ಸಂಸ್ಥೆಯಲ್ಲಿ ಕಂಪ್ಯೂಟರ್ ವಿಜ್ಞಾನ ಕಲಿತರು. 1970ರ ದಶಕದಲ್ಲಿ ಆ ಸಂಸ್ಥೆಯಲ್ಲಿದ್ದದ್ದು ಇದೇ 360 ಸಾಲಿನ ಯಂತ್ರ. ನಂದನ್ ನಿಲೇಕಣಿ ಶಾಲೆ ಓದಿದ್ದು ಧಾರವಾಡದಾಗ.

ಆಗ ದೇಶದಲ್ಲಿದ್ದ ಐಬಿಎಂ ಯಂತ್ರಗಳಲ್ಲಿ ಬಹಳಷ್ಟು ಹಳೇವು, ಬಾಡಿಗೆಗೆ ಕೊಟ್ಟವು. 1973ರ ವಿದೇಶಿ ವಿನಿಮಯ ಕಾಯ್ದೆ ವಿದೇಶಿ ಪಾಲನ್ನು 40 ಪ್ರತಿಶತಕ್ಕೆ ಇಳಿಸಬೇಕೆಂದಿತು. ಐಬಿಎಂ ಒಪ್ಪಲಿಲ್ಲ, 1978ರಲ್ಲಿ ಗಂಟು ಕಟ್ಟಿ ಹೊರಟಿತು. ಯಂತ್ರಗಳು ಮಾತ್ರ ಇಲ್ಲೇ ಉಳಿದವು. ಅವನ್ನು ನೋಡಿಕೊಳ್ಳುವ ಹೊಣೆ ಸರಕಾರಿ ಕಂಪನಿ ಸಿಎಂಸಿ ಮೇಲೆ ಬಿತ್ತು. ಮಾಡಿದ ಕಂಪನಿಯೇ ಇಲ್ಲದಾಗ ಯಂತ್ರ ಓಡಿಸೋದು ಅಂದ್ರ ಸಣ್ಣ ಮಾತಲ್ಲ. ಅದೇ ಸಿಎಂಸಿ 1985-86ರ ಹೊತ್ತಿಗೆ ದಿಲ್ಲಿಯಲ್ಲಿ ರೈಲ್ವೆಯ ಕಂಪ್ಯೂಟರ್ ರಿಸರ್ವೇಶನ್ ಕಟ್ಟಿ ನಿಲ್ಲಿಸಿತು.

ಮುಂದೆ 1990ರ ದಶಕದ ಕೊನೆಗೆ 2000ನೇ ಇಸವಿಯ ಸಮಸ್ಯೆ. 80 ಕಾಲಂನ ಪಂಚ್ ಕಾರ್ಡಿನ ಕಾಲದಲ್ಲಿ ಜಾಗ ಉಳಿಸಲು ಇಸವಿಯನ್ನು ಎರಡೇ ಅಂಕಿಯಲ್ಲಿ ಬರೆಯೋ ರೂಢಿ ಬೆಳೆದಿತ್ತು. ಆ ಹಳೆ ಕೋಬಾಲ್ ಲೆಕ್ಕ ತಿದ್ದುವ ಕೆಲಸವೇ ಬೆಂಗಳೂರಿನ ಎಷ್ಟೋ ಕಂಪನಿಗಳಿಗೆ ಹೊರದೇಶದ ಬಾಗಿಲು ತೆರೆಯಿತು.

(5/6)
ಈಗ ಮತ್ತೆ ನವಲಗುಂದಕ್ಕೆ ಬರೋಣ. 1980ರ ಜುಲೈ 21. ಮಲಪ್ರಭಾ ಅಚ್ಚುಕಟ್ಟಿನ ರೈತರ ಮೇಲೆ ಹೇರಿದ ಅಭಿವೃದ್ಧಿ ಕರದ ವಿರುದ್ಧದ ಹೋರಾಟ, ಪೊಲೀಸ್ ಗುಂಡು, ರೈತರ ಬಲಿದಾನ. ಇದು ನಿಮಗೆಲ್ಲ ಗೊತ್ತಿರೋ ಇತಿಹಾಸ. ಆ ಸಿಟ್ಟಿನ ಬೇರಿನಲ್ಲಿ ಒಂದು ದಾಖಲೆಯೂ ಇತ್ತು ಅನ್ನೋದನ್ನ ಮರೀಬ್ಯಾಡ್ರಿ. ಕಾಗದದ ಪ್ರಕಾರ ಹೊಲ ನೀರಾವರಿ. ಕಾಲುವೆಯ ಕೊನೆಯ ಹೊಲದಾಗ ನಿಂತು ನೋಡಿದ್ರ ನೀರಿಲ್ಲ. ಕರ ಕೇಳಿದ್ದು ಕಾಗದ, ಕಟ್ಟಬೇಕಾದಾಂವ ರೈತ.

ಅದಾಗಿ 20 ವರ್ಷಕ್ಕೆ 'ಭೂಮಿ' ಯೋಜನೆ ಬಂತು. ಐಎಎಸ್ ಅಧಿಕಾರಿ ರಾಜೀವ್ ಚಾವ್ಲಾ ಮುಂದಾಳತ್ವ, ಎನ್‌ಐಸಿಯ ತಂತ್ರಾಂಶ. ರಾಜ್ಯದ 177 ತಾಲೂಕುಗಳ ಸುಮಾರು 2 ಕೋಟಿ ಪಹಣಿ, 67 ಲಕ್ಷ ರೈತರ ಹೆಸರು ಕಂಪ್ಯೂಟರಿಗೆ ಏರಿದವು, ಅದೂ ಕನ್ನಡದಾಗ. 2002ರ ಹೊತ್ತಿಗೆ ಕೈಬರಹದ ಉತಾರಕ್ಕೆ ಮಾನ್ಯತೆ ಹೋಯ್ತು. ಆಗ ತಾಲೂಕು ಕಚೇರಿಯ ಕಿಟಕಿಯಲ್ಲಿ 15 ರೂಪಾಯಿ ಕೊಟ್ರ ಉತಾರ ಕೈಗೆ ಸಿಗತಿತ್ತು.

ಇದು ಮೇನ್‌ಫ್ರೇಮ್ ಅಲ್ಲ, ಆಗ ಇದ್ದದ್ದು ತಾಲೂಕಿಗೊಂದು ಸಣ್ಣ ಸರ್ವರ್. ಆದರೆ ಶಿಸ್ತು ಆ ದೊಡ್ಡ ಯಂತ್ರದ ಮನೆಯದೇ. ಖಾತೆ ಬದಲಾವಣೆಯ ಅರ್ಜಿ ಬಂದ ಸರದಿಯಲ್ಲೇ ಮುಂದೆ ಹೋಗಬೇಕು, ಹಿಂದಿನದನ್ನು ಹಾರಿಸಿ ಮುಂದಿನದು ಮಾಡೂಹಂಗಿಲ್ಲ. ಯಾರು, ಯಾವಾಗ ತಿದ್ದಿದರು ಅನ್ನೋ ಗುರುತು ಉಳಿಯಬೇಕು. ಅದಕ್ಕಾಗಿ ಅಧಿಕಾರಿ ಬೆರಳಿನ ಗುರುತು ಕೊಟ್ಟೇ ಒಳಗೆ ಹೋಗಬೇಕು. ತಲೆಮಾರುಗಳಿಂದ ಸರಕಾರಿ ಕಾಗದದ ಮ್ಯಾಲ ಹೆಬ್ಬೆಟ್ಟು ಒತ್ತಿದಾಂವ ರೈತ. ಭೂಮಿಯೊಳಗ ಬೆರಳು ಒತ್ತೋ ಪಾಳಿ ಅಧಿಕಾರಿಗೆ ಬಂತು!

(6/6)
ಹಂಗಂತ ಎಲ್ಲಾ ಸರಿ ಆತೇನು? ಇಲ್ಲ. ಕೈಬರಹದಲ್ಲಿದ್ದ ತಪ್ಪು ಕಂಪ್ಯೂಟರಿಗೆ ಏರಿದರೆ ಅದು ಅಚ್ಚಾದ ತಪ್ಪು. ತಾತನ ಹೆಸರಿನ ಒಂದು ಅಕ್ಷರ, ಕ್ಷೇತ್ರದ ಒಂದು ಗುಂಟೆ, ಸತ್ತವರ ಹೆಸರಲ್ಲೇ ಉಳಿದ ಹೊಲ. ಯಂತ್ರ ಇವನ್ನು ತಾನಾಗಿ ತಿದ್ದೂದಿಲ್ಲ. ಹೇಳಿದ್ದನ್ನು ಕಳೀದಂಗ ಇಡತೈತಿ, ಅಷ್ಟ. ದಾಖಲೆ ಕಳೆಯದಂಗ ಇಡೋದು ಒಂದು ಕೆಲಸ, ದಾಖಲೆ ಖರೇ ಇರೂಹಂಗ ನೋಡೋದು ಇನ್ನೊಂದು. ಮೊದಲನೇದಕ್ಕೆ ಲಾಗ್ ಸಾಕು. ಎರಡನೇದಕ್ಕೆ ಊರನ್ನ, ಹೊಲವನ್ನ, ಮನೆತನವನ್ನ ಬಲ್ಲ ಮನುಷ್ಯ ಬೇಕು.

ಅಣ್ಣಿಗೇರಿಯನ್ನೇ ನೋಡ್ರಿ. ನವಲಗುಂದದಿಂದ ಬೇರೆಯಾಗಿ ಹೊಸ ತಾಲೂಕಾಯ್ತು. ನಕ್ಷೆಯ ಮೇಲೆ ಒಂದು ಗೆರೆ ಎಳೆದಷ್ಟು ಸುಲಭ ಅನಿಸತೈತಿ. ದಾಖಲೆಯ ಲೋಕದಲ್ಲಿ ಹಂಗಲ್ಲ. ಒಂದು ತಾಲೂಕಿನ ಊರುಗಳ ಲೆಕ್ಕ ಇನ್ನೊಂದಕ್ಕೆ ಹೋಗಬೇಕು, ಒಂದು ಸರ್ವೆ ನಂಬರೂ ನಡುವೆ ಬೀಳಬಾರದು. ಹಗಲು ರಾತ್ರಿ ಕೂತು ಇಂಥದ್ದನ್ನ ದಾಟಿಸೋರು ಯಾವ ಉದ್ಘಾಟನೆಯ ಫೋಟೊದಾಗೂ ಇರೂದಿಲ್ಲ.

'ಶೇರ್' ಕೂಟ ಇವತ್ತಿಗೂ ನಡೆದೈತಿ. ದೊಡ್ಡ ಬ್ಯಾಂಕುಗಳ ಲೆಕ್ಕ ಇವತ್ತಿಗೂ ಮೇನ್‌ಫ್ರೇಮ್ ಮ್ಯಾಲೇ ಓಡತೈತಿ. ನಿವೃತ್ತಿಯ ಅಂಚಿನಲ್ಲಿರುವ ಸಿಸ್ಟಂ ಪ್ರೋಗ್ರಾಮರ್‌ಗಳು ಅಲ್ಲಿ ನಿಂತು ಹೊಸಬರಿಗೆ ಹೇಳುತ್ತಾರೆ: ಇಂಥ ರಾತ್ರಿ ಯಂತ್ರ ನಿಂತಿತ್ತು, ಇಂಥ ಕಡೆ ನೋಡಿದೆವು, ಹಿಂಗ ಎಬ್ಬಿಸಿದೆವು. ನಮ್ಮ ತಾಲೂಕು ಕಚೇರಿಗಳ ಮೊದಲ ಕಂಪ್ಯೂಟರ್ ಆಪರೇಟರ್‌ಗಳಿಗೂ, ಹಳೆ ತಲಾಠಿಗಳಿಗೂ ಇಂಥ ಸಾವಿರ ಸಂಗತಿ ಗೊತ್ತು. ಆ ಕೈಬರಹ ಓದಬಲ್ಲವರು, ಯಾವ ಊರಿನ ಪುಸ್ತಕದಲ್ಲಿ ಯಾವ ತಪ್ಪು ಅಂತ ಬಲ್ಲವರು ವರ್ಷಾವರ್ಷ ಕಡಿಮೆ ಆಗಾಕತ್ತಾರ.

ನಿಮ್ಮ ಮನ್ಯಾಗ ಅಂಥವರು ಇದ್ರ ಕೂಡ್ರಿಸಿಕೊಂಡು ಕೇಳ್ರಿ, ಫೋನಿನಾಗ ಧ್ವನಿ ಹಿಡಿದಿಡ್ರಿ. ಕಾಮೆಂಟಿನಾಗ ಊರ ಹೆಸರು ಹಾಕಿ ನಾಲ್ಕು ಸಾಲು ಬರೀರಿ. ಯಾರ ಹೆಸರು, ಸರ್ವೆ ನಂಬರ್ ಮಾತ್ರ ಹಾಕಬ್ಯಾಡ್ರಿ. ಮುಯ್ಯಿ ಅಂದಮ್ಯಾಲ ಎರಡೂ ಕಡೆಯಿಂದ ಬರಬೇಕಲ್ರಿ.

#ನಮ್ಮಧಾರವಾಡ #ನವಲಗುಂದ #ಕುಂದಗೋಳ #ಕಲಘಟಗಿ #ಅಣ್ಣಿಗೇರಿ #ಉತಾರ #ಮೇನ್‌ಫ್ರೇಮ್ #ಇತಿಹಾಸ