ಸಾಲಿಯ ಕಾಗದವೂ ಸೈನ್ಯದ ಪದವಿಯೂ

ಕರಜಗಿಯ ನಮ್ಮ ಮನೆಯ ಅಟ್ಟದ ಮೇಲೆ ಒಂದು ತಗಡಿನ ಟ್ರಂಕು ಇದೆ. ಅದರ ಮುಚ್ಚಳದ ಮೇಲೆ ಬಿಳಿಯ ಬಣ್ಣದಿಂದ ಬರೆದ ಸೈನ್ಯದ ನಂಬರು ಈಗ ಅರ್ಧ ಅಳಿಸಿಹೋಗಿದೆ. ಟ್ರಂಕು ನಮ್ಮ ಕಾಕಾ ಅವರದು. ಅವರು 1953ರಲ್ಲಿ ಸೈನ್ಯಕ್ಕೆ ಸೇರಿದರು. ಹವಾಲ್ದಾರರಾಗಿ ನಿವೃತ್ತರಾಗಿ ಊರಿಗೆ ಬಂದರು. ಅದಕ್ಕಿಂತ ಒಂದು ಮೆಟ್ಟಿಲು ಮೇಲೆ, ಹಿಂದೆ ಜಮಾದಾರನೆಂದು ಕರೆಯುತ್ತಿದ್ದ, 1965ರಿಂದ ನಾಯಬ್ ಸುಬೇದಾರ್ ಎಂದು ಹೆಸರಾದ ಪದವಿಯು ಅವರಿಗೆ ಬರಬೇಕಾಗಿತ್ತು. ಬರಲಿಲ್ಲ. ಅವರು ತೀರಿಕೊಂಡ ಬಹಳ ದಿನಗಳ ಮೇಲೆ ನಾನು ಟ್ರಂಕನ್ನು ಇಳಿಸಿ ತೆರೆದಾಗ, ಕಂಬಳಿಯ ಕೆಳಗೆ, ಆ ಬಾರದ ಪದವಿಯ ಕಾಗದಗಳೆಲ್ಲ ದಾರ ಕಟ್ಟಿಸಿಕೊಂಡು ಕುಳಿತಿದ್ದವು.

ಸಂಗತಿ ಇಷ್ಟೆ. ಪದವಿಯೇರಿಕೆಯ ಹೊತ್ತಿಗೆ ಸಾಲಿಯ ದಾಖಲೆ ಕೇಳಿದರು. ಸೇರುವಾಗ ಕೊಟ್ಟಿದ್ದುದು ಕಡತದಲ್ಲಿ ಇಲ್ಲವೆಂದರು. ಕಾಕಾ ಕಲಿತ ಸಾಲಿಗೆ ಬರೆದರೆ ಆ ವರ್ಷಗಳ ದಾಖಲೆಯ ಪುಸ್ತಕ ಸಿಗುತ್ತಿಲ್ಲವೆಂದು ಉತ್ತರ ಬಂದಿತು. ಕಾಕಾ ಕಲಿತದ್ದು ನಿಜಾಮರ ಕಾಲದಲ್ಲಿ. ಅಂದಿನ ಕಾಗದವೆಂದರೆ ಉರ್ದು ಲಿಪಿ, ಫಸಲಿ ವರ್ಷ. ಹೈದರಾಬಾದಿನ ಫಸಲಿ ವರ್ಷವು ಅಕ್ಟೋಬರಿನ ಮೊದಲ ವಾರದಲ್ಲಿ ಅಜೂರ್ ಮಾಸದಿಂದ ಹುಟ್ಟುತ್ತಿತ್ತು. ಅದಕ್ಕೆ 590 ಕೂಡಿಸಿದರೆ ಆ ವರ್ಷ ಮೊದಲಾದ ಇಸವಿ ದೊರೆಯುತ್ತದೆ. ಜನವರಿ ಕಳೆದಿದ್ದರೆ 591 ಕೂಡಿಸಬೇಕು. ಪೊಲೀಸ್ ಕಾರ್ಯಾಚರಣೆ ನಡೆದ 1948ರ ಸೆಪ್ಟೆಂಬರು ಹೀಗೆ 1357 ಫಸಲಿಯ ಕಡೆಯ ದಿನಗಳಲ್ಲಿ ಬೀಳುತ್ತದೆ. ನಮ್ಮ ಭಾಗದಲ್ಲಿ ಆ ತಲೆಮಾರಿನವರ ಹುಟ್ಟು, ಓದು, ಹೊಲದ ಪಟ್ಟಿ ಎಲ್ಲವೂ ಈ ಲೆಕ್ಕದಲ್ಲಿಯೇ ಇದ್ದವು. ಮುಂದೆ 1956ರ ನವೆಂಬರಿನಲ್ಲಿ ನಾವು ಮೈಸೂರು ರಾಜ್ಯಕ್ಕೆ ಸೇರಿದೆವು. ಕಚೇರಿಯ ಭಾಷೆ, ಲಿಪಿ, ಪಂಚಾಂಗಗಳು ಎಂಟೇ ವರ್ಷಗಳಲ್ಲಿ ಬದಲಾದವು. ಅಷ್ಟು ಅವಸರದಲ್ಲಿ ಮನೆ ಬದಲಿಸಿದವರು ಒಂದೆರಡು ಗಂಟು ಕಳೆದುಕೊಳ್ಳದೆ ಇರುವರೆ?

“ನಾ ಸಾಲಿ ಕಲ್ತಿದ್ದು ಸುಳ್ಳಾ ಏನು ತಮ್ಮಾ? ಮಗ್ಗಿ ಕೇಳ್ರಿ, ಹೇಳ್ತೀನಿ ಅಂದೆ. ಕಾಗದ ತಾ ಅಂದ್ರು” ಎಂದು ಕಾಕಾ ಒಮ್ಮೆ ನನಗೆ ಹೇಳಿದ್ದು ನೆನಪಿದೆ. ಅವರು ಸಿಟ್ಟಿನಿಂದ ಹೇಳಲಿಲ್ಲ. ಅದೇ ನನಗೆ ಹೆಚ್ಚು ನೋವಿನದಾಗಿತ್ತು.

ಈ ಕಾಗದಗಳನ್ನು ಬಿಡಿಸಿ ಓದುತ್ತಿದ್ದ ದಿನಗಳಲ್ಲಿಯೇ ನನ್ನ ಮೇಜಿನ ಮೇಲೆ ಮೆಡೋಸ್ ಟೇಲರನ ಆತ್ಮಕಥೆ ಇದ್ದಿತು. ನಮ್ಮ ಸೀಮೆಯ ಇತಿಹಾಸದಲ್ಲಿ ಆಸಕ್ತಿಯುಳ್ಳವರಾರೂ ಆ ಪುಸ್ತಕವನ್ನು ಬಿಟ್ಟು ಮುಂದೆ ಹೋಗುವಂತಿಲ್ಲ. ಕರಜಗಿಯ ಉತ್ತರಕ್ಕೆ ಅಕ್ಕಲಕೋಟೆ, ಅದರಾಚೆ ನಳದುರ್ಗ. ಆಗ್ನೇಯಕ್ಕೆ ಭೀಮೆಯನ್ನು ದಾಟಿ ನಡೆದರೆ ಜೇವರ್ಗಿ, ಇನ್ನೂ ಮುಂದೆ ಸುರಪುರ. ಟೇಲರನ ಬಾಳಿನ ಹೆಚ್ಚಿನ ಭಾಗ ಕಳೆದದ್ದು ಇದೇ ಸುತ್ತಿನಲ್ಲಿ. ಅದನ್ನು ಎಷ್ಟೋ ಸಲ ಓದಿದ್ದರೂ, ಅವನೂ ನಮ್ಮ ಕಾಕಾನ ಸಾಲಿಗೇ ಸೇರಿದವನೆಂಬುದು, ಎಂದರೆ ಓದಿನ ಕಾಗದವಿಲ್ಲದೆ ದಂಡಿನಲ್ಲಿ ಬಾಳಿದವನೆಂಬುದು, ಟ್ರಂಕು ತೆರೆದ ಮೇಲೆಯೇ ನನಗೆ ಹೊಳೆದದ್ದು.

ಫಿಲಿಪ್ ಮೆಡೋಸ್ ಟೇಲರ್ ಹುಟ್ಟಿದ್ದು 1808ರ ಸೆಪ್ಟೆಂಬರಿನಲ್ಲಿ, ಲಿವರ್‌ಪೂಲಿನಲ್ಲಿ. ತಂದೆ ವ್ಯಾಪಾರಿ, ವ್ಯಾಪಾರ ಇಳಿಮುಖವಾಯಿತು. ಹುಡುಗನನ್ನು ಸಾಲಿ ಬಿಡಿಸಿ ಒಂದು ವರ್ತಕರ ಕೋಠಿಯಲ್ಲಿ ಗುಮಾಸ್ತಿಕೆಗೆ ಹಾಕಿದರು. ಆಮೇಲೆ ಮುಂಬಯಿಯ ವರ್ತಕನೊಬ್ಬನು, ವಯಸ್ಸಿಗೆ ಬಂದ ಮೇಲೆ ಪಾಲುಗಾರನನ್ನಾಗಿ ಮಾಡಿಕೊಳ್ಳುವೆನೆಂದು ಮಾತು ಕೊಟ್ಟುದರಿಂದ, 1824ರಲ್ಲಿ ಹಡಗು ಹತ್ತಿಸಿದರು. ಬಂದು ನೋಡಿದರೆ ಆ ವರ್ತಕನ ಅಂಗಡಿಯೇ ಮುಳುಗುವ ಸ್ಥಿತಿಯಲ್ಲಿದ್ದಿತು. ಮುಂಬಯಿ ಸರಕಾರದಲ್ಲಿ ದೊಡ್ಡ ಹುದ್ದೆಯಲ್ಲಿದ್ದ ತಾಯಿಯ ಕಡೆಯ ಸಂಬಂಧಿಕನೊಬ್ಬನು ಕನಿಕರಪಟ್ಟು ನಿಜಾಮರ ಸೈನ್ಯದಲ್ಲಿ ಅವನಿಗೊಂದು ಅಧಿಕಾರಪತ್ರ ದೊರಕಿಸಿಕೊಟ್ಟನು. ಹದಿನಾರರ ಹುಡುಗನು ಔರಂಗಾಬಾದಿಗೆ ಹೊರಟನು. ಅವನ ಸಾಲಿಯ ಓದು ಅಲ್ಲಿಗೆ ಮುಗಿಯಿತು.

ಇಲ್ಲಿ ಒಂದು ಸೂಕ್ಷ್ಮವನ್ನು ಓದುಗರು ಗಮನಿಸಬೇಕು. ನಿಜಾಮರ ಸೈನ್ಯವೆಂದರೆ ಇಂಗ್ಲಿಷರು ನಡೆಸುತ್ತಿದ್ದ, ನಿಜಾಮರು ಸಂಬಳ ಕೊಡುತ್ತಿದ್ದ ದಂಡು. ಅದರಲ್ಲಿ ಎರಡು ಬಗೆಯ ಬಿಳಿಯ ಅಧಿಕಾರಿಗಳಿದ್ದರು. ಈಸ್ಟ್ ಇಂಡಿಯಾ ಕಂಪನಿಯ ಸೈನ್ಯದಿಂದ ಎರವಲಾಗಿ ಬಂದವರು ಒಂದು ಬಗೆ. ಅವರ ಹೆಸರು ಕಂಪನಿಯ ಪಟ್ಟಿಯಲ್ಲಿ ಇದ್ದೇ ಇರುತ್ತಿತ್ತು, ಅಲ್ಲಿ ಅವರ ಪದವಿ ತಾನಾಗಿ ಮೇಲೇರುತ್ತಿತ್ತು. ಇಲ್ಲಿಯೇ ನೇಮಕವಾದವರು ಇನ್ನೊಂದು ಬಗೆ. ಅವರ ಪದವಿಗೆ ನಿಜಾಮರ ಸೇವೆಯ ಆಚೆ ಆಸರೆಯಿರಲಿಲ್ಲ. ಟೇಲರ್ ಎರಡನೆಯವರ ಪೈಕಿ. ಕಂಪನಿಯ ಮುಲ್ಕಿ ಅಧಿಕಾರಿಯಾಗಬೇಕಾದರೆ ಹೇಲಿಬರಿಯ ಕಾಲೇಜು, ಫಿರಂಗಿ ದಳಕ್ಕೋ ಇಂಜಿನಿಯರ್ ದಳಕ್ಕೋ ಸೇರಬೇಕಾದರೆ ಆಡಿಸ್ಕಂಬಿನ ಸೈನಿಕ ವಿದ್ಯಾಲಯ. ಕಾಲ್ದಳಕ್ಕಾದರೆ ಅದೂ ಬೇಕಿಲ್ಲ, ಕಂಪನಿಯ ಡೈರೆಕ್ಟರನೊಬ್ಬನ ಶಿಫಾರಸಿನ ಚೀಟಿ ಸಾಕಾಗುತ್ತಿತ್ತು! ವಿದ್ಯೆಯ ಕಾಗದವೆಂದು ನಾವು ಗೌರವಿಸುವ ಕಾಗದಗಳಲ್ಲಿ ಎಷ್ಟು ಪಾಲು ವಿದ್ಯೆಯದು, ಎಷ್ಟು ಪಾಲು ನೆಂಟಸ್ತಿಕೆಯದು ಎಂಬುದನ್ನು ತೂಗಿ ನೋಡಿದವರು ಯಾರು? ಟೇಲರನಿಗೆ ನೆಂಟನಿದ್ದನು, ಆದರೆ ಡೈರೆಕ್ಟರನಾದ ನೆಂಟನಿರಲಿಲ್ಲ. ಅವನು ಮನವಿ ಬರೆಯುವುದಾದರೂ ಯಾರಿಗೆ? ಹೆಸರೇ ಇಲ್ಲದ ಪಟ್ಟಿಯಲ್ಲಿ ನನ್ನನ್ನು ಮೇಲೆ ಹತ್ತಿಸಿರೆಂದು ಕೇಳಲು ಬರುವುದಿಲ್ಲ.

ಅವನು ಮಾಡಿದ್ದು ಬೇರೆ. ಉರ್ದು ಕಲಿತನು, ಪಾರಸಿ ಕಲಿತನು, ಮರಾಠಿ ಕಲಿತನು. ಹದಿನೆಂಟರ ಸುಮಾರಿಗೆ ತುಳಜಾಪುರದ ಕಡೆಯ ಸೀಮೆಯಲ್ಲಿ ಪೊಲೀಸ್ ಅಧಿಕಾರವೂ ಅವನ ತಲೆಗೆ ಬಂದಿತು. 1829ರಲ್ಲಿ ಪಟ್ಟಕ್ಕೆ ಬಂದ ನಿಜಾಮರು ಇಂಗ್ಲಿಷ್ ಅಧಿಕಾರಿಗಳನ್ನು ಮುಲ್ಕಿ ಕೆಲಸದಿಂದ ತೆಗೆಯಬೇಕೆಂದು ಕೇಳಿದಾಗ ಮತ್ತೆ ದಂಡಿಗೆ ಮರಳಿದನು. ಥಗ್ಗರ ವಿಷಯದಲ್ಲಿ ಅವನು ಕೂಡಿಹಾಕಿದ ಅರಿವು 1839ರಲ್ಲಿ ಕಾದಂಬರಿಯಾಗಿ ಹೊರಬಂದು ಇಂಗ್ಲೆಂಡಿನಲ್ಲೆಲ್ಲ ಹೆಸರಾಯಿತು. ಆ ಪುಸ್ತಕದ ಮೊದಲ ಹಾಳೆಯಲ್ಲಿಯೂ ಗ್ರಂಥಕರ್ತನು ನಿಜಾಮರ ಸೇವೆಯಲ್ಲಿರುವ ಕ್ಯಾಪ್ಟನ್ ಎಂದೇ ಅಚ್ಚಾಗಿದೆ.

ಸುರಪುರಕ್ಕೆ ಅವನು ಬಂದದ್ದು 1841ರಲ್ಲಿ. ದೊರೆ ವೆಂಕಟಪ್ಪ ನಾಯಕನು ಇನ್ನೂ ಮಗು, ರಾಣಿ ಈಶ್ವರಮ್ಮನಿಗೂ ಉಳಿದವರಿಗೂ ಜಗಳ, ಬೊಕ್ಕಸದಲ್ಲಿ ಸಾಲ. ದಂಡಿನ ಕ್ಯಾಪ್ಟನನೊಬ್ಬನು ಅಲ್ಲಿ ಕಂದಾಯದವನಾಗಬೇಕಾಯಿತು, ನ್ಯಾಯಾಧೀಶನಾಗಬೇಕಾಯಿತು, ಕೆರೆ ಕಟ್ಟುವವನಾಗಬೇಕಾಯಿತು. ಇವುಗಳಲ್ಲಿ ಒಂದನ್ನೂ ಅವನಿಗೆ ಯಾವ ಸಾಲಿಯೂ ಕಲಿಸಿರಲಿಲ್ಲ. ಬೋನಾಳದ ಕೆರೆಯನ್ನು ಇಂದಿಗೂ ಹೋಗಿ ನೋಡಬಹುದು. ಈಗ ಅಲ್ಲಿಗೆ ಹಕ್ಕಿಗಳನ್ನು ನೋಡಲು ಬರುವವರೇ ಹೆಚ್ಚು. ಏರಿಯ ಮೇಲೆ ನಿಂತು ಟೇಲರನನ್ನು ನೆನೆಯುವವರು ಕಡಿಮೆ. ಸುರಪುರದ ಗುಡ್ಡದ ಮೇಲೆ ಅವನು ಕಟ್ಟಿಸಿದ ಮನೆಗೆ ಟೇಲರ್ ಮಂಜಿಲ್ ಎಂದೇ ಹೆಸರು. ಜನ ಅವನನ್ನು ಮಹದೇವ ಬಾಬಾ ಎಂದು ಕೂಗುತ್ತಿದ್ದರೆಂದು ಅವನೇ ಬರೆದುಕೊಂಡಿದ್ದಾನೆ. ತನ್ನ ಹೊಗಳಿಕೆಯನ್ನು ತಾನೇ ಬರೆದುಕೊಂಡದ್ದನ್ನು ನಾವು ಸ್ವಲ್ಪ ಕಳೆದು ಓದಬೇಕೆನ್ನಿ. ಅವನು ಎಷ್ಟೇ ಒಳ್ಳೆಯವನಾದರೂ ಪರರ ರಾಜ್ಯದ ಬೀಗದ ಕೈಯನ್ನು ಸೊಂಟಕ್ಕೆ ಸಿಕ್ಕಿಸಿಕೊಂಡವನೇ.

ನನಗೆ ಎಲ್ಲಕ್ಕಿಂತ ಪ್ರಿಯವಾದುದು ಜೇವರ್ಗಿಯ ಸಂಗತಿ. ಜೇವರ್ಗಿಯ ಸುತ್ತಿನ ಬಯಲಿನಲ್ಲಿ ಕಲ್ಲುಗುಪ್ಪೆಗಳೂ ಕಲ್ಲಿನ ವರ್ತುಲಗಳೂ ಇದ್ದವು. ದನ ಕಾಯುವವರು ಅವುಗಳ ಮೇಲೆ ಕುಳಿತು ಬುತ್ತಿ ಉಣ್ಣುತ್ತಿದ್ದಿರಬೇಕು. ಟೇಲರನು ಅವುಗಳನ್ನು ಅಗೆಸಿ ನೋಡಿದನು. ಒಳಗೆ ಎಲುಬುಗಳು, ಮಣ್ಣಿನ ಪಾತ್ರೆಗಳು, ಕಬ್ಬಿಣದ ಆಯುಧಗಳು. ಅವನ್ನು ಅಳೆದು, ಚಿತ್ರ ಬರೆದು, ತನ್ನ ನಾಡಿನ ಪ್ರಾಚೀನ ಸಮಾಧಿಗಳೊಡನೆ ಹೋಲಿಸಿ ಲೇಖನ ಬರೆದನು; ಒಂದು ಮುಂಬಯಿಯ ಏಷಿಯಾಟಿಕ್ ಸೊಸೈಟಿಯ ಪತ್ರಿಕೆಯಲ್ಲಿಯೂ, ನಂತರದ್ದು ಐರ್ಲೆಂಡಿನ ರಾಯಲ್ ಅಕಾಡೆಮಿಯ ಸಂಪುಟದಲ್ಲಿಯೂ ಅಚ್ಚಾದವು. ದಕ್ಷಿಣ ಭಾರತದ ಬೃಹತ್ ಶಿಲಾಯುಗದ ಸಮಾಧಿಗಳ ಅಧ್ಯಯನದ ಮಾತು ಬಂದಾಗ ಈ ಸಾಲಿ ಬಿಟ್ಟ ಹುಡುಗನ ಹೆಸರನ್ನು ವಿದ್ವಾಂಸರು ಇಂದಿಗೂ ನೆನೆಯುತ್ತಾರೆ. 1866ರಲ್ಲಿ ಹೊರಬಂದ ಬಿಜಾಪುರದ ಕಟ್ಟಡಗಳ ದೊಡ್ಡ ಚಿತ್ರಸಂಪುಟಕ್ಕೂ, ಧಾರವಾಡ ಮತ್ತು ಮೈಸೂರು ಸೀಮೆಯ ಶಿಲ್ಪದ ಸಂಪುಟಕ್ಕೂ ಇತಿಹಾಸದ ಭಾಗವನ್ನು ಬರೆದವನು ಅವನೇ.

1853ರಲ್ಲಿ ನಿಜಾಮರು ದಂಡಿನ ಖರ್ಚಿಗಾಗಿ ವಹಾಡ, ರಾಯಚೂರು ದೋಆಬ್, ನಳದುರ್ಗಗಳನ್ನು ಇಂಗ್ಲಿಷರ ಕೈಗೆ ಕೊಡಬೇಕಾಯಿತು. ವಯಸ್ಸಿಗೆ ಬಂದ ವೆಂಕಟಪ್ಪ ನಾಯಕನಿಗೆ ಸುರಪುರವನ್ನು ಒಪ್ಪಿಸಿ ಟೇಲರನು ನಳದುರ್ಗದ ಡೆಪ್ಯುಟಿ ಕಮಿಷನರನಾದನು. ಅಲ್ಲಿ ಭೂಮಾಪನ ಮಾಡಿಸಿ ಕಂದಾಯ ಗೊತ್ತುಪಡಿಸಿದನು. 1857ರ ಗದ್ದಲದಲ್ಲಿ ಅವನನ್ನು ವಹಾಡಕ್ಕೆ ಅಟ್ಟಿದರು. ಮುಂದಿನ ಕಥೆ ನಮ್ಮ ಸೀಮೆಯವರೆಲ್ಲ ಬಲ್ಲದ್ದು. 1858ರ ಫೆಬ್ರುವರಿಯಲ್ಲಿ ಸುರಪುರ ಸಿಡಿದೆದ್ದಿತು. ಕ್ಯಾಪ್ಟನ್ ನ್ಯೂಬೆರಿ ಸತ್ತನು. ದೊರೆ ಹೈದರಾಬಾದಿನಲ್ಲಿ ಸೆರೆಯಾದನು. ಸೆರೆಯಲ್ಲಿ ತನ್ನನ್ನು ನೋಡಲು ಬಂದ ಟೇಲರನನ್ನು ದೊರೆ ‘ಅಪ್ಪಾ’ ಎಂದು ಕೂಗಿದನಂತೆ. ಮರಣದಂಡನೆ ಕಡೆಗೆ ನಾಲ್ಕು ವರ್ಷದ ಸೆರೆಯಾಗಿ ಇಳಿಯಿತು. ಆದರೆ ಚೆಂಗಲ್ಪಟ್ಟಿಗೆ ಸಾಗಿಸುವ ದಾರಿಯಲ್ಲಿಯೇ ಆ ತರುಣನು ಗುಂಡಿನಿಂದ ಪ್ರಾಣ ಬಿಟ್ಟನು. ಆ ಸಾವು ಆತ್ಮಹತ್ಯೆಯೆಂದು ಬರೆದಿಟ್ಟವರು ಅವನನ್ನು ಸೆರೆಹಿಡಿದವರು. ಸುರಪುರದಲ್ಲಿ ಅದನ್ನು ನಂಬದವರು ಈಗಲೂ ಇದ್ದಾರೆ. ಟೇಲರನು 1860ರಲ್ಲಿ ದೇಶಕ್ಕೆ ಮರಳಿ, 1876ರ ಮೇ ತಿಂಗಳಲ್ಲಿ ಫ್ರಾನ್ಸಿನ ಮಾಂತೋನಿನಲ್ಲಿ ತೀರಿಕೊಂಡನು. ಅವನು ಸತ್ತ ಮರುವರ್ಷ ಹೊರಬಂದ ಆತ್ಮಕಥೆಯ ಮೇಲೆ ಕರ್ನಲ್ ಎಂಬ ಬಿರುದು ಇದೆ.

ಟೇಲರನ ಹೆಸರು ಪಟ್ಟಿಯಲ್ಲಿಯೇ ಇರಲಿಲ್ಲ. ಹೆಸರು ಇದ್ದೂ ಒಂದು ಗೆರೆ ಕೆಳಗೆ ಇಳಿದವರ ಕಥೆಯೊಂದು ನಮ್ಮ ಕೊಡಗಿನದು. ಶನಿವಾರಸಂತೆಯಲ್ಲಿ ಹುಟ್ಟಿದ ಕೊಡಂದೇರ ಕಾರಿಯಪ್ಪನವರು ಮಡಿಕೇರಿಯಲ್ಲಿಯೂ ಮದರಾಸಿನ ಪ್ರೆಸಿಡೆನ್ಸಿ ಕಾಲೇಜಿನಲ್ಲಿಯೂ ಓದಿ, ಮೊದಲನೆಯ ಮಹಾಯುದ್ಧ ಮುಗಿಯುತ್ತಿದ್ದಾಗ ಇಂದೋರಿನ ಡೇಲಿ ಕಾಲೇಜಿನಲ್ಲಿ ಭಾರತೀಯರಿಗಾಗಿ ತೆರೆದಿದ್ದ ಸೈನಿಕ ತರಬೇತಿಗೆ ಸೇರಿದರು. 1919ರ ಡಿಸೆಂಬರ್ 1ರಂದು ತಾತ್ಕಾಲಿಕ ಅಧಿಕಾರಪತ್ರ ದೊರೆಯಿತು. ಅದನ್ನು 1922ರಲ್ಲಿ ಕಾಯಂ ಮಾಡಿದರು. ಆದರೆ ಜಾರಿಗೆ ಬರುವ ತಾರೀಖನ್ನು 1920ರ ಜುಲೈ 17 ಎಂದು ಇಟ್ಟರು. ಏಕೆಂದರೆ ಸ್ಯಾಂಡ್‌ಹರ್ಸ್ಟಿನಿಂದ ಒಂದು ತಂಡ ಹೊರಬಿದ್ದದ್ದು ಜುಲೈ 16ರಂದು. ಇಂದೋರಿನಲ್ಲಿ ಕಲಿತವರು ಸ್ಯಾಂಡ್‌ಹರ್ಸ್ಟಿನಲ್ಲಿ ಕಲಿತವರಿಗಿಂತ ಕಿರಿಯರಾಗಿರಬೇಕು. ಅದಕ್ಕೆ ಒಂದು ದಿನ ಸಾಕು. ಏಳು ತಿಂಗಳಿಗೂ ಮಿಕ್ಕಿದ ಸೇವೆ ಆ ಒಂದು ದಿನದ ಹಿಂದೆ ಹೋಗಿ ಅಡಗಿತು. ಅದೇ ಕಾರಿಯಪ್ಪನವರು 1933ರಲ್ಲಿ ಕ್ವೆಟ್ಟಾದ ಸ್ಟಾಫ್ ಕಾಲೇಜಿಗೆ ಸೇರಿದ ಮೊದಲನೆಯ ಭಾರತೀಯರಾದರು. 1949ರ ಜನವರಿ 15ರಂದು ಭಾರತದ ಸೈನ್ಯವನ್ನು ಇಂಗ್ಲಿಷ್ ಸೇನಾಪತಿಯ ಕೈಯಿಂದ ತೆಗೆದುಕೊಂಡವರೂ ಅವರೇ. ಎಲ್ಲರಿಗೂ ಹಾಗೆ ಮೇಲೆ ಬರುವ ಯೋಗವಿರುವುದಿಲ್ಲ.

ಇವೆಲ್ಲ ಪರರ ಆಳ್ವಿಕೆಯ ಮಾತೆಂದು ಯಾರಾದರೂ ಹೇಳಬಹುದು. ಹಾಗಿದ್ದರೆ ನಮ್ಮ ಕಾಲದಲ್ಲಿಯೇ, ಸೈನ್ಯದ ದೊಡ್ಡ ದಂಡನಾಯಕರಾಗಿದ್ದ ಜನರಲ್ ವಿ. ಕೆ. ಸಿಂಗರ ಪ್ರಸಂಗವಿದೆ. 1965ರಲ್ಲಿ ಸಾಲಿಯ ಹುಡುಗನಾಗಿದ್ದಾಗ ರಾಷ್ಟ್ರೀಯ ರಕ್ಷಣಾ ಅಕಾಡೆಮಿಗೆ ತುಂಬಿಸಿದ ಅರ್ಜಿಯಲ್ಲಿ ಹುಟ್ಟಿದ ವರ್ಷ 1950 ಎಂದಿತ್ತು. ಮೆಟ್ರಿಕ್ ಪ್ರಮಾಣಪತ್ರವು ಆಮೇಲೆ ಕೈಸೇರಿದಾಗ ಅದರಲ್ಲಿ 1951 ಎಂದಿತ್ತು. ಸೈನ್ಯದ ಒಂದು ಶಾಖೆ ಒಂದನ್ನು ಹಿಡಿಯಿತು, ಇನ್ನೊಂದು ಶಾಖೆ ಇನ್ನೊಂದನ್ನು. ಒಂದೇ ಸೈನ್ಯದಲ್ಲಿ ಒಬ್ಬನೇ ಮನುಷ್ಯನು ಎರಡು ಸಲ ಹುಟ್ಟಿ ನಾಲ್ಕು ದಶಕ ಕಳೆದನು! 2011ರಲ್ಲಿ ಅವರು ಸರಕಾರಕ್ಕೆ ಕೊಟ್ಟ ದೂರು ತಿರಸ್ಕೃತವಾಯಿತು. ಮರುವರ್ಷ ಸುಪ್ರೀಂ ಕೋರ್ಟಿಗೆ ಹೋದರು. ಫೆಬ್ರುವರಿ 10ರಂದು ಅರ್ಜಿಯನ್ನು ಹಿಂದೆಗೆದುಕೊಂಡು ಮೇ ತಿಂಗಳ ಕೊನೆಗೆ ನಿವೃತ್ತರಾದರು. ಅವರು ಮಾಡಿದ್ದು ಸರಿಯೋ ತಪ್ಪೋ ಎಂಬ ವಾದಕ್ಕೆ ನಾನು ಕೈಹಾಕುವುದಿಲ್ಲ. ಲಕ್ಷಾಂತರ ಸಿಪಾಯಿಗಳಿಗೆ ಅಪ್ಪಣೆ ಕೊಡುವವನ ಮಾತೂ ತನ್ನ ಸಾಲಿಯ ಒಂದು ಕಾಗದದ ಮುಂದೆ ನಡೆಯಲಿಲ್ಲವೆಂಬುದನ್ನು ನಮ್ಮ ಕಾಕಾ ಬದುಕಿದ್ದು ಕೇಳಿದ್ದರೆ, ಪ್ರಾಯಶಃ ಒಂದು ಬೀಡಿ ಹಚ್ಚಿಕೊಂಡು ನಗುತ್ತಿದ್ದರು.

ಸೈನ್ಯವು ಕಾಗದ ಕೇಳುವುದು ತಪ್ಪೆಂದು ನಾನು ಹೇಳಲಾರೆ. ಸಾವಿರ ಜನ ಒಂದೇ ಮೆಟ್ಟಿಲಿನ ಮುಂದೆ ನಿಂತಾಗ, ಮುಖ ನೋಡಿ ಆರಿಸುವುದಕ್ಕಿಂತ ಕಾಗದ ನೋಡಿ ಆರಿಸುವುದೇ ಬಡವನಿಗೆ ಮೇಲು. ಟೇಲರನ ಕಾಲದ ಶಿಫಾರಸಿನ ಚೀಟಿಗಳನ್ನು ಕಂಡವರಿಗೆ ಅದು ಗೊತ್ತಾಗುತ್ತದೆ. ಆದರೆ ಕಾಗದವನ್ನು ಇಟ್ಟುಕೊಳ್ಳಬೇಕಾದವರು ಕಳೆದು, ಅದರ ಬೆಲೆಯನ್ನು ಓದಿದವನಿಂದ ವಸೂಲು ಮಾಡಿದಾಗ, ಅದನ್ನು ಏನೆಂದು ಕರೆಯಬೇಕೋ ನನಗೆ ಇನ್ನೂ ತಿಳಿಯದು.

ಟ್ರಂಕಿನ ಕಟ್ಟಿನಲ್ಲಿ ಕಡೆಗೆ ದೊರೆತದ್ದು ಸಾಲಿಯ ದಾಖಲೆಯ ಒಂದು ನಕಲು. ಸರಕಾರಿ ಮುದ್ರೆಯಿಲ್ಲ, ಮೂಲ ಪ್ರತಿಯನ್ನು ಒಪ್ಪಿಸುವ ಮೊದಲು ಕಾಕಾ ತಾವೇ ಕುಳಿತು ಉರ್ದುವಿನಲ್ಲಿ ಎತ್ತಿಕೊಂಡದ್ದು. ಅಕ್ಷರ ದುಂಡಗಿದೆ, ಒಂದು ಚುಕ್ಕೆ ತಪ್ಪಿಲ್ಲವೆಂದು ಆ ಲಿಪಿ ಬಲ್ಲ ನಮ್ಮೂರಿನ ಹಿರಿಯರೊಬ್ಬರು ಓದಿ ಹೇಳಿದರು. ಹುಟ್ಟಿದ್ದು 1342 ಫಸಲಿ ಎಂದಿದೆ, ತಿಂಗಳಿಲ್ಲ. ಅದರ ಕೆಳಗೆ ಪೆನ್ಸಿಲಿನಲ್ಲಿ 1342ಕ್ಕೆ 590 ಕೂಡಿಸಿ 1932 ಎಂದು ಬರೆದು ಹೊಡೆದುಹಾಕಿದ್ದಾರೆ. ಪಕ್ಕದಲ್ಲಿ 1933 ಎಂದು ಬರೆದು, ಅದನ್ನೂ ಹೊಡೆದುಹಾಕಿದ್ದಾರೆ.