ಏನು ಒತ್ತಿದಿರಿ?

ತಪ್ಪು ಹುಡುಕುವುದು ಎಂದರೆ ನಮ್ಮಲ್ಲಿ ಅಷ್ಟೇನೂ ಒಳ್ಳೆಯ ಮಾತಲ್ಲ. ಸಾರಿಗೆ ಉಪ್ಪು ಮುಂದಾಯಿತೆಂದು ಮುಖ ಗಂಟಿಕ್ಕುವವರು, ರಂಗೋಲಿಯ ಎಳೆ ಸೊಟ್ಟಗಾಯಿತೆಂದು ನಾಲ್ಕು ಜನರ ಮುಂದೆ ಆಡಿಕೊಳ್ಳುವವರು, ಇವರೆಲ್ಲ ತಪ್ಪು ಹುಡುಕುವವರು. ಮೊಸರಿನಲ್ಲಿ ಕಲ್ಲು ಹುಡುಕುವವರು ಎಂದು ಅವರಿಗೆ ಬೇರೆ ಹೆಸರೂ ಇದೆ. ಇನ್ನು ವರ್ಷಗಟ್ಟಲೆ ಕೆಂಪು ಶಾಯಿಯ ಪೆನ್ನು ಹಿಡಿದ ನನ್ನಂಥ ಉಪಾಧ್ಯಾಯಿನಿಯರಂತೂ ಸಂಬಳ ತೆಗೆದುಕೊಂಡು ತಪ್ಪು ಹುಡುಕುವವರು! ಆದರೆ ತಪ್ಪು ಹುಡುಕುವುದನ್ನೇ ಒಂದು ವಿದ್ಯೆಯಾಗಿ ಬೆಳೆಸಿದವರಿದ್ದಾರೆ. ಆ ವಿದ್ಯೆಯ ಮೊದಲ ಸಾಲಿನಲ್ಲಿ ಹೆಂಗಸರಿದ್ದರು ಎಂಬುದು ಕಂಪ್ಯೂಟರಿನ ಚರಿತ್ರೆ ಓದತೊಡಗಿದ ಮೇಲೆ ನನಗೆ ತಿಳಿಯಿತು.

ಚರಿತ್ರೆ ಪಾಠ ಮಾಡುವವಳಿಗೆ ಕಂಪ್ಯೂಟರಿನ ಗೊಡವೆ ಏಕೆ ಎಂದು ನೀವು ಕೇಳಬಹುದು. ಅದಕ್ಕೆ ಕಾರಣ ನನ್ನ ಗೆಳತಿಯೊಬ್ಬಳು. 1990ರ ದಶಕದ ಕೊನೆಯ ಮಾತು. ಕಚೇರಿಯೊಂದರಲ್ಲಿ ಬೆರಳಚ್ಚು ಮಾಡುತ್ತಿದ್ದ ಅವಳ ಮುಂದಿನಿಂದ ಟೈಪ್‌ರೈಟರ್ ಹೋಗಿ ಕಂಪ್ಯೂಟರ್ ಬಂದಿತ್ತು. ಒಂದು ಮಧ್ಯಾಹ್ನ ಪರದೆಯ ನಡುವೆ ಪೆಟ್ಟಿಗೆಯೊಂದು ಮೂಡಿ, ಈ ಪ್ರೋಗ್ರಾಂ ಅಕ್ರಮ ಕೆಲಸ ಮಾಡಿದೆ, ಆದ್ದರಿಂದ ಮುಚ್ಚಲಾಗುವುದು ಎಂಬರ್ಥದ ಇಂಗ್ಲಿಷ್ ವಾಕ್ಯ ಕಾಣಿಸಿತು. ಬೆಳಗಿನಿಂದ ಹೊಡೆದ ಪತ್ರಗಳೆಲ್ಲ ಮಾಯ! ಮೇಲಧಿಕಾರಿ ಎಲ್ಲರೆದುರಿಗೇ ಗುಡುಗಿದರು: “ಏನು ಒತ್ತಿದಿರಿ?” ಸಂಜೆ ನಮ್ಮ ಮನೆಗೆ ಬಂದವಳು ಕಣ್ಣು ತುಂಬಿಕೊಂಡು, “ಅಕ್ರಮ ಅಂತ ಬರೆದಿತ್ತು ಕಣೇ, ನನ್ನ ಮೇಲೆ ಕೇಸು ಗೀಸು ಆಗುತ್ತಾ?” ಎಂದಳು. ಆ ವಾಕ್ಯವನ್ನು ಯಾರು ಬರೆದರು, ಏಕೆ ಹಾಗೆ ಬರೆದರು ಎಂಬ ಕುತೂಹಲ ನನ್ನಲ್ಲಿ ಹುಟ್ಟಿದ್ದು ಆಗ.

ಮೊದಲಿನಿಂದಲೇ ಹೇಳುತ್ತೇನೆ. ಎರಡನೆಯ ಮಹಾಯುದ್ಧದ ಕಾಲದಲ್ಲಿ ಅಮೆರಿಕದ ಫಿಲಡೆಲ್ಫಿಯಾದಲ್ಲಿ ಎನಿಯಾಕ್ ಎಂಬ ದೈತ್ಯ ಗಣಕಯಂತ್ರವನ್ನು ಕಟ್ಟಿದರು. ಸುಮಾರು 18,000 ನಿರ್ವಾತ ನಳಿಕೆಗಳು, 30 ಟನ್ ತೂಕ. ಫಿರಂಗಿಯ ಗುಂಡು ಎಲ್ಲಿ ಹೋಗಿ ಬೀಳುತ್ತದೆಂಬ ಲೆಕ್ಕವನ್ನು ಅದು ಮಾಡಬೇಕಿತ್ತು. ಲೆಕ್ಕವನ್ನು ಯಂತ್ರಕ್ಕೆ ತಿಳಿಸಿಕೊಡಲು 1945ರಲ್ಲಿ ಆರು ಮಂದಿ ತರುಣಿಯರನ್ನು ಆರಿಸಿದರು. ಕ್ಯಾಥ್ಲೀನ್ ಮೆಕ್‌ನಲ್ಟಿ, ಬೆಟ್ಟಿ ಜೀನ್ ಜೆನಿಂಗ್ಸ್, ಬೆಟ್ಟಿ ಸ್ನೈಡರ್, ಮಾರ್ಲಿನ್ ವೆಸ್ಕಾಫ್, ಫ್ರಾನ್ಸಿಸ್ ಬಿಲಾಸ್, ರೂತ್ ಲಿಕ್ಟರ್‌ಮನ್. ಹೆಸರುಗಳನ್ನು ಬೇಕೆಂದೇ ಪೂರ್ತಿ ಬರೆದಿದ್ದೇನೆ. ಬಹಳ ಕಾಲ ಯಾರೂ ಬರೆದಿರಲಿಲ್ಲ.

ಇವರಿಗೆ ಕಲಿಸಲು ಪುಸ್ತಕವಿರಲಿಲ್ಲ, ಗುರುವಿರಲಿಲ್ಲ. ಯಂತ್ರದ ನಕ್ಷೆಗಳನ್ನು ಹರಡಿಕೊಂಡು ತಾವೇ ಕಲಿತರು. ಉತ್ತರ ತಪ್ಪಾಗಿ ಬಂದರೆ ದೋಷ ತಮ್ಮ ಲೆಕ್ಕದಲ್ಲಿದೆಯೋ, ಎಲ್ಲೋ ಒಂದು ನಳಿಕೆ ಸುಟ್ಟುಹೋಗಿದೆಯೋ ಎಂದು ತಿಳಿಯಬೇಕಲ್ಲ? ಹದಿನೆಂಟು ಸಾವಿರದಲ್ಲಿ ಕೆಟ್ಟ ಒಂದು ನಳಿಕೆ ಯಾವುದೆಂದು ಬೆರಳಿಟ್ಟು ತೋರಿಸುವಷ್ಟು ಪಳಗಿದರು. ಲೆಕ್ಕವನ್ನು ನಡುದಾರಿಯಲ್ಲೇ ನಿಲ್ಲಿಸಿ, ಇಲ್ಲಿಯವರೆಗೆ ಸರಿಯಿದೆಯೇ ಎಂದು ನೋಡುವ ಉಪಾಯವೂ ಅವರದೇ. ಆ ಜಾಗದ ತಂತಿಯನ್ನು ಕಿತ್ತುಬಿಟ್ಟರೆ ಲೆಕ್ಕ ಅಲ್ಲಿಗೆ ನಿಲ್ಲುತ್ತಿತ್ತು. ಅದಕ್ಕೆ ಬ್ರೇಕ್‌ಪಾಯಿಂಟ್ ಎಂದು ಹೆಸರಿಟ್ಟವಳು ಬೆಟ್ಟಿ ಸ್ನೈಡರ್. ಇಂದು ಬೆಂಗಳೂರಿನ ಕಂಪನಿಗಳಲ್ಲಿ ಪ್ರೋಗ್ರಾಂ ಬರೆಯುವ ಮಕ್ಕಳು ದಿನಕ್ಕೆ ಹತ್ತು ಸಲ ಆ ಪದ ಬಳಸುತ್ತಾರೆ.

1946ರ ಫೆಬ್ರವರಿ 15ರಂದು ಯಂತ್ರದ ಪ್ರದರ್ಶನ. ಹಿಂದಿನ ದಿನ ಎಲ್ಲ ಸರಿಯಿತ್ತು, ಒಂದನ್ನು ಬಿಟ್ಟು. ಲೆಕ್ಕದಲ್ಲಿ ಗುಂಡು ನೆಲಕ್ಕೆ ತಾಗಿದ ಮೇಲೂ ನಿಲ್ಲದೆ ಭೂಮಿಯೊಳಕ್ಕೆ ಹೋಗುತ್ತಲೇ ಇತ್ತು! ತಡರಾತ್ರಿಯವರೆಗೆ ಹುಡುಕಿದರೂ ಸಿಗಲಿಲ್ಲ. ಬೆಟ್ಟಿ ಸ್ನೈಡರ್ ಮನೆಗೆ ಹೋಗಿ ಮಲಗಿದಳು. ಬೆಳಗ್ಗೆ ಏಳುವಾಗ ಉತ್ತರ ಅವಳ ತಲೆಯಲ್ಲಿತ್ತು. ನೇರವಾಗಿ ಬಂದು ಒಂದೇ ಒಂದು ಗುಂಡಿಯನ್ನು ಒಂದು ಮನೆ ಸರಿಸಿದಳು, ಗುಂಡು ನೆಲದ ಮೇಲೆ ನಿಂತಿತು. ಪ್ರದರ್ಶನಕ್ಕೆ ಜನ ಬೆರಗಾದರು. ಆದರೆ ಆ ರಾತ್ರಿಯ ಔತಣಕ್ಕೆ ಈ ಆರು ಮಂದಿಗೆ ಕರೆ ಇರಲಿಲ್ಲ. ನಲವತ್ತು ವರ್ಷಗಳ ನಂತರ, ಕ್ಯಾಥಿ ಕ್ಲೈಮನ್ ಎಂಬ ವಿದ್ಯಾರ್ಥಿನಿ ಹಳೆಯ ಛಾಯಾಚಿತ್ರ ನೋಡಿ ಇವರು ಯಾರೆಂದು ಕೇಳಿದಾಗ, ಯಂತ್ರ ಚೆನ್ನಾಗಿ ಕಾಣಲೆಂದು ನಿಲ್ಲಿಸಿದ ಬೆಡಗಿಯರು ಎಂಬ ಉತ್ತರ ಬಂತಂತೆ. ಅವಳು ನಂಬಲಿಲ್ಲ, ಹುಡುಕುತ್ತ ಹೋದಳು. ಹಾಗಾಗಿ ಇಂದು ನಮಗೆ ಅವರ ಹೆಸರು ಗೊತ್ತು.

ಯಂತ್ರದ ದೋಷಕ್ಕೆ ‘ಬಗ್’, ಅಂದರೆ ಹುಳು ಎನ್ನುವ ರೂಢಿ ಕಂಪ್ಯೂಟರಿಗಿಂತ ಹಳೆಯದು. ಥಾಮಸ್ ಎಡಿಸನ್ 1878ರಲ್ಲೇ ಪತ್ರದಲ್ಲಿ ಆ ಪದ ಬಳಸಿದ್ದ. ಆದರೆ 1947ರ ಸೆಪ್ಟೆಂಬರ್ 9ರಂದು ಹಾರ್ವರ್ಡ್ ವಿಶ್ವವಿದ್ಯಾನಿಲಯದ ಮಾರ್ಕ್ 2 ಯಂತ್ರದಲ್ಲಿ ನಿಜವಾದ ಹುಳುವೇ ಸಿಕ್ಕಿತು. ಒಂದು ಪತಂಗ ರಿಲೇಯೊಳಗೆ ಸಿಕ್ಕಿಕೊಂಡು ಸತ್ತಿತ್ತು. ಅದನ್ನು ತೆಗೆದು ದಿನಚರಿ ಪುಸ್ತಕದಲ್ಲಿ ಟೇಪು ಹಾಕಿ ಅಂಟಿಸಿ, ಪಕ್ಕದಲ್ಲಿ ಒಂದು ತಮಾಷೆಯ ಸಾಲು ಬರೆದರು. ಆ ತಂಡದಲ್ಲಿದ್ದ ಗ್ರೇಸ್ ಹಾಪರ್ ಎಂಬ ಗಣಿತಜ್ಞೆ ಈ ಕಥೆಯನ್ನು ಊರೂರಿಗೂ ಹೇಳಿ ಪ್ರಸಿದ್ಧಗೊಳಿಸಿದಳು. ಪತಂಗ ಸಮೇತ ಆ ಪುಸ್ತಕ ಈಗ ಅಮೆರಿಕದ ಸ್ಮಿತ್‌ಸೋನಿಯನ್ ವಸ್ತುಸಂಗ್ರಹಾಲಯದಲ್ಲಿದೆ. ನನಗೆ ಪತಂಗಕ್ಕಿಂತ ಆ ಪುಸ್ತಕ ಮುಖ್ಯ. ಎಷ್ಟು ಗಂಟೆಗೆ, ಯಾವ ಜಾಗದಲ್ಲಿ, ಏನಾಯಿತು ಎಂದು ಬರೆದಿಟ್ಟುಕೊಳ್ಳುವ ಅಭ್ಯಾಸ ಅವರಿಗಿತ್ತು.

ಇಂಗ್ಲೆಂಡಿನ ಮಾರಿಸ್ ವಿಲ್ಕ್ಸ್ ಎಂಬ ದೊಡ್ಡ ವಿಜ್ಞಾನಿಯೂ 1949ರಲ್ಲಿ ಒಂದು ಸತ್ಯ ಕಂಡುಕೊಂಡ. ಮೆಟ್ಟಿಲು ಹತ್ತುತ್ತಿದ್ದಾಗ, ಉಳಿದ ಆಯುಷ್ಯದ ಬಹುಪಾಲು ತನ್ನದೇ ಪ್ರೋಗ್ರಾಮುಗಳ ತಪ್ಪು ಹುಡುಕುವುದರಲ್ಲೇ ಕಳೆಯಬೇಕೆಂದು ಅವನಿಗೆ ಹೊಳೆಯಿತಂತೆ. ಬರೆಯುವವರ ಮೊದಲ ಪ್ರತಿಯಲ್ಲಿ ತಪ್ಪಿದ್ದೇ ಇರುತ್ತದೆ ಎಂದು ಅವರವರೇ ಒಪ್ಪಿಕೊಂಡ ವಿದ್ಯೆ ಇದು. ಹೀಗಿರುವಾಗ, ಮೇಜಿನ ಮೇಲಿನ ಪುಟ್ಟ ಕಂಪ್ಯೂಟರ್ ಊರೂರಿನ ಕಚೇರಿಗೆ ಬಂದಾಗ ಬೈಗುಳವೆಲ್ಲ ಅದರ ಮುಂದೆ ಕುಳಿತವಳ ಪಾಲಾದದ್ದು ಹೇಗೆ?

ಅದಕ್ಕೆ ಆ ಪೆಟ್ಟಿಗೆಯ ಭಾಷೆಯೂ ಒಂದು ಕಾರಣ. 1990ರ ವಿಂಡೋಸ್ 3.0ರಲ್ಲಿ ಅದು ‘ಸರಿಪಡಿಸಲಾಗದ ದೋಷ’ ಎನ್ನುತ್ತಿತ್ತು. 1992ರ 3.1ರಲ್ಲಿ ‘ರಕ್ಷಣೆಯ ದೋಷ’ ಎಂದಿತು. ವಿಂಡೋಸ್ 95ರ ಹೊತ್ತಿಗೆ ‘ಅಕ್ರಮ’ವಾಯಿತು. ಮೂರರ ಹಿಂದೆಯೂ ಬಹುಮಟ್ಟಿಗೆ ಒಂದೇ ಸಂಗತಿ: ಪ್ರೋಗ್ರಾಂ ತನ್ನದಲ್ಲದ ನೆನಪಿನ ಜಾಗಕ್ಕೆ ಕೈ ಹಾಕಿದೆ, ಕಾವಲುಗಾರ ತಡೆದಿದ್ದಾನೆ. ಅಕ್ರಮ ಮಾಡಿದ್ದು ಪ್ರೋಗ್ರಾಂ, ಬೆರಳಚ್ಚುಗಾರ್ತಿ ಅಲ್ಲ.

ಪ್ರೋಗ್ರಾಂ ಹಾಗೇಕೆ ಮಾಡುತ್ತದೆ? ಬೆಲ್ಲದ ಡಬ್ಬಿ ಯಾವ ಗೂಡಿನಲ್ಲಿದೆ ಎಂದು ಚೀಟಿ ಬರೆದಿಟ್ಟಿದ್ದೀರಿ ಎನ್ನಿ. ಚೀಟಿ ಖಾಲಿ ಇದ್ದರೆ ನಾವು ಯಾರನ್ನಾದರೂ ಕೇಳುತ್ತೇವೆ. ಯಂತ್ರಕ್ಕೆ ಆ ಬುದ್ಧಿಯಿಲ್ಲ. ಚೀಟಿ ಖಾಲಿಯೇ ಎಂದು ಮೊದಲು ನೋಡು ಎಂದು ಹೇಳಿರದಿದ್ದರೆ ಇಲ್ಲದ ಗೂಡಿಗೇ ಕೈ ಚಾಚುತ್ತದೆ. ಈ ಖಾಲಿ ಚೀಟಿಯನ್ನು 1965ರಲ್ಲಿ ತನ್ನ ಪ್ರೋಗ್ರಾಂ ಭಾಷೆಯೊಳಗೆ ತಂದವನು ಟೋನಿ ಹೋರ್. ಅದು ತಾನು ಮಾಡಿದ ನೂರು ಕೋಟಿ ಡಾಲರಿನ ತಪ್ಪು ಎಂದು 2009ರಲ್ಲಿ ಅವನೇ ಸಭೆಯಲ್ಲಿ ಹೇಳಿಕೊಂಡ.

ಇನ್ನೊಂದು ತೊಂದರೆ ವಠಾರದ್ದು. ವಠಾರದಲ್ಲಿ ಎಲ್ಲರಿಗೂ ಸೇರಿ ಒಂದೇ ಒರಳು ಇರುತ್ತದಲ್ಲ, ಹಾಗೆ ವಿಂಡೋಸ್ ಯಂತ್ರದಲ್ಲಿ ಹಲವು ಪ್ರೋಗ್ರಾಮುಗಳಿಗೆ ಸಾಮಾನ್ಯವಾದ ಡಿಎಲ್‌ಎಲ್ ಎಂಬ ಕಡತಗಳಿರುತ್ತವೆ. ಹೊಸದಾಗಿ ಬಂದ ಬಾಡಿಗೆಯವಳು ತನಗೊಪ್ಪುವ ಒರಳು ತಂದಿಟ್ಟು ಹಳೆಯದನ್ನು ಎಸೆದರೆ ಉಳಿದವರ ಗತಿ? ನಿನ್ನೆಯವರೆಗೆ ನಡೆಯುತ್ತಿದ್ದ ಪ್ರೋಗ್ರಾಂ ಇಂದು ಏಳುವುದೇ ಇಲ್ಲ. ಇದನ್ನು ಡಿಎಲ್‌ಎಲ್ ನರಕ ಎಂದೇ ಕರೆದರು. ಮುಖ್ಯ ಕಡತಗಳನ್ನು ಹೀಗೆ ಬದಲಾಯಿಸದಂತೆ ಕಾಯುವ ವ್ಯವಸ್ಥೆ ವಿಂಡೋಸ್ 2000ದಲ್ಲಿ ಬಂತು.

ಮತ್ತೊಂದು ಸೋಜಿಗ ಕೇಳಿ. ವಿಂಡೋಸ್ 95 ಮತ್ತು 98 ತಾವು ಎದ್ದಾಗಿನಿಂದ ಕಳೆದ ಕಾಲವನ್ನು ಸೆಕೆಂಡಿನ ಸಾವಿರದ ಒಂದು ಭಾಗದ ಲೆಕ್ಕದಲ್ಲಿ ಎಣಿಸುತ್ತಿದ್ದವು. ಸ್ಕೂಟರಿನ ಕಿಲೋಮೀಟರು 99,999 ಆದ ಮೇಲೆ ಸೊನ್ನೆಗೆ ಬರುವಂತೆ, 49.7 ದಿನಕ್ಕೆ ಆ ಎಣಿಕೆ ತುಂಬಿ ಸೊನ್ನೆಯಾಗುತ್ತಿತ್ತು, ಯಂತ್ರ ಸ್ತಬ್ಧವಾಗಬಹುದಿತ್ತು. ಇದು ಬೆಳಕಿಗೆ ಬಂದದ್ದು 1999ರಲ್ಲಿ. ಅಷ್ಟು ದಿನ ಕೆಡದೆ ನಡೆದ ಯಂತ್ರಗಳೇ ಅಪರೂಪವಾಗಿದ್ದವು!

ನಮ್ಮ ಕನ್ನಡದ ಪಾಡೂ ಇದರಲ್ಲಿ ಸೇರಿದೆ. ಆಗಿನ ಫಾಂಟುಗಳಲ್ಲಿ ಇಂಗ್ಲಿಷ್ ಅಕ್ಷರಗಳ ಮನೆಯಲ್ಲೇ ಕನ್ನಡದ ತುಣುಕುಗಳನ್ನು ಕೂರಿಸಿರುತ್ತಿದ್ದರು. ಒಂದು ಕಂಪ್ಯೂಟರಿನಲ್ಲಿ ಮುದ್ದಾಗಿದ್ದ ಪ್ರಶ್ನೆಪತ್ರಿಕೆ ಆ ಫಾಂಟಿಲ್ಲದ ಇನ್ನೊಂದರಲ್ಲಿ ತೆರೆದರೆ ಅರ್ಥವಿಲ್ಲದ ಇಂಗ್ಲಿಷ್ ಅಕ್ಷರಗಳ ರಾಶಿ. “ಫೈಲ್ ಹಾಳಾಗಿದೆ, ಇನ್ನೊಮ್ಮೆ ಹೊಡೆಯಿರಿ” ಎನ್ನುತ್ತಿದ್ದರು. ಹಾಳಾಗಿರಲಿಲ್ಲ, ಫಾಂಟ್ ಹಾಕಿದರೆ ಸಾಕಿತ್ತು. 1991ರ ಯೂನಿಕೋಡ್ ಮೊದಲ ಆವೃತ್ತಿಯಲ್ಲೇ ಕನ್ನಡಕ್ಕೆ ಸ್ವಂತ ಮನೆ ಕೊಟ್ಟಿದ್ದರೂ, 2001ರ ವಿಂಡೋಸ್ ಎಕ್ಸ್‌ಪಿಯಲ್ಲಿ ಅದು ನಮ್ಮ ಮೇಜಿಗೆ ಬಂತು. ಅಲ್ಲಿಯವರೆಗೆ ಎಷ್ಟು ಮಂದಿ ಹೆಣ್ಣುಮಕ್ಕಳು ಕೆಡದಿದ್ದ ಕಡತವನ್ನು ರಾತ್ರಿ ಕುಳಿತು ಮತ್ತೆ ಹೊಡೆದರೋ!

ಯಂತ್ರ ಯಾರ ಕೈಯಲ್ಲಾದರೂ ನಿಲ್ಲಬಹುದು. 1998ರ ಏಪ್ರಿಲ್ 20ರಂದು ಶಿಕಾಗೋದ ಸಭೆಯಲ್ಲಿ ಸ್ವತಃ ಬಿಲ್ ಗೇಟ್ಸ್ ಎದುರಿಗೇ, ವಿಂಡೋಸ್ 98 ತೋರಿಸುತ್ತಿದ್ದ ಸಹಾಯಕ ಸ್ಕ್ಯಾನರನ್ನು ಜೋಡಿಸಿದ ಕೂಡಲೇ ಪರದೆ ನೀಲಿಯಾಯಿತು. ಸಭೆ ನಕ್ಕು ಚಪ್ಪಾಳೆ ತಟ್ಟಿತು, ಗೇಟ್ಸ್ ಕೂಡ ತಮಾಷೆ ಮಾಡಿದ. ಅಲ್ಲಿ ಯಾರೂ ಗುಡುಗಲಿಲ್ಲ.

ಆದರೆ ಎಲ್ಲವೂ ನಗುವ ವಿಷಯವಲ್ಲ. ಈಗ ಹೇಳುವುದು ಮೇಜಿನ ಕಂಪ್ಯೂಟರಿನ ಕಥೆಯಲ್ಲ, ಆಸ್ಪತ್ರೆಯ ಯಂತ್ರದ್ದು. ತಪ್ಪು ಹುಡುಕುವ ಬಗೆ ಮಾತ್ರ ಒಂದೇ. ಕೆನಡಾದಲ್ಲಿ ತಯಾರಾದ ಥೆರಾಕ್-25 ಎಂಬ ಕ್ಯಾನ್ಸರ್ ಚಿಕಿತ್ಸೆಯ ಯಂತ್ರವನ್ನು ಕಂಪ್ಯೂಟರ್ ನಡೆಸುತ್ತಿತ್ತು. 1985ರಿಂದ 1987ರ ನಡುವೆ ಅದು ಆರು ಮಂದಿಗೆ ಮಿತಿಮೀರಿದ ವಿಕಿರಣ ಹಾಯಿಸಿತು. ಅವರಲ್ಲಿ ಕನಿಷ್ಠ ಮೂವರು ಅದರಿಂದ ಸತ್ತರು. ಅಮೆರಿಕದ ಟೈಲರ್ ಊರಿನಲ್ಲಿ 1986ರ ಮಾರ್ಚಿಯಲ್ಲಿ ಯಂತ್ರ ‘ಮಾಲ್‌ಫಂಕ್ಷನ್ 54’ ಎಂದಷ್ಟೇ ತೋರಿಸಿ ನಿಂತಿತು. ಮೈ ಸುಟ್ಟಿತೆಂದು ರೋಗಿ ಹೇಳಿದ. ಎಂಜಿನಿಯರುಗಳು ಬಂದರು, ಪರೀಕ್ಷಿಸಿದರು, ತಪ್ಪು ಮರುಕಳಿಸಲಿಲ್ಲ. ಅಂಥದ್ದು ಸಾಧ್ಯವೇ ಇಲ್ಲ ಎಂದರು. ಏಪ್ರಿಲ್‌ನಲ್ಲಿ ಇನ್ನೊಬ್ಬ ರೋಗಿಗೆ ಅದೇ ಆಯಿತು. ಇಬ್ಬರೂ ಉಳಿಯಲಿಲ್ಲ.

ಆಗ ಅಲ್ಲಿನ ಭೌತವಿಜ್ಞಾನಿ ಫ್ರಿಟ್ಜ್ ಹೇಗರ್ ಯಂತ್ರ ನಡೆಸುತ್ತಿದ್ದ ಹೆಣ್ಣುಮಗಳ ಪಕ್ಕದಲ್ಲಿ ಕುಳಿತ. ಎರಡು ಸಲವೂ ಯಂತ್ರದ ಮುಂದಿದ್ದವಳು ಅವಳೇ. ಅಂದು ಏನೇನು ಒತ್ತಿದೆ, ಯಾವ ಕ್ರಮದಲ್ಲಿ ಎಂದು ಅವಳು ನೆನಪಿಸಿಕೊಂಡು ಒತ್ತುತ್ತಾ ಹೋದಳು. ಅವಳು ಮೊದಲು ಒಂದಕ್ಷರ ತಪ್ಪಾಗಿ ಒತ್ತಿ, ಕೂಡಲೇ ಹಿಂದೆ ಹೋಗಿ ತಿದ್ದಿದ್ದಳು. ನಿಧಾನವಾಗಿ ಒತ್ತಿದರೆ ಏನೂ ಆಗುತ್ತಿರಲಿಲ್ಲ. ಕೈ ಪಳಗಿದವಳ ವೇಗದಲ್ಲಿ, ಯಂತ್ರ ಸಿದ್ಧವಾಗುವ ಸುಮಾರು 8 ಸೆಕೆಂಡಿನೊಳಗೆ ತಿದ್ದಿ ಮುಗಿಸಿದರೆ ಆ ತಿದ್ದುಪಡಿ ಅದರ ಗಮನಕ್ಕೆ ಬರುತ್ತಿರಲಿಲ್ಲ. ಮತ್ತೆ ಮತ್ತೆ ಮಾಡಿ ನೋಡಿದರು, 54 ಬಂದೇ ಬಂತು. ತಯಾರಕರಿಗೂ ಆ ವೇಗದ ಗುಟ್ಟು ಹೇಳಿದ ಮೇಲೆಯೇ ತಪ್ಪು ಕಾಣಿಸಿತು.

ಗಮನಿಸಿದಿರಾ? ಹೇಗರ್ ಕೇಳಿದ್ದೂ “ಏನು ಒತ್ತಿದಿರಿ?” ಎಂದೇ. ಗೆಳತಿಯ ಮೇಲಧಿಕಾರಿ ಕೇಳಿದ್ದೂ ಅದೇ. ಒಬ್ಬರು ಬಾಯಿ ಮುಚ್ಚಿಸಲು ಕೇಳಿದರು, ಇನ್ನೊಬ್ಬರು ತಿಳಿದುಕೊಳ್ಳಲು ಕೇಳಿದರು. ಮೊದಲನೆಯದಕ್ಕೆ “ಏನೂ ಒತ್ತಿಲ್ಲ ಸಾರ್” ಎಂಬ ಉತ್ತರ ಬರುತ್ತದೆ, ತಪ್ಪು ಅಲ್ಲೇ ಅಡಗಿ ಕೂರುತ್ತದೆ. ತರಗತಿಯಲ್ಲೂ ಹಾಗೆಯೇ. ಉತ್ತರ ತಪ್ಪೆಂದು ಬೈದರೆ ಮಗು ಸ್ಲೇಟು ಒರೆಸಿಬಿಡುತ್ತದೆ. “ಹೇಗೆ ಮಾಡಿದೆ, ತೋರಿಸು ಪುಟ್ಟಾ” ಎಂದರೆ ಯಾವ ಹೆಜ್ಜೆಯಲ್ಲಿ ಎಡವಿತೆಂದು ಇಬ್ಬರಿಗೂ ಕಾಣುತ್ತದೆ.

ನಮ್ಮಲ್ಲಿ ಬಹಳ ಮಂದಿ ಇಂದು ಬ್ಯಾಂಕು, ಪಂಚಾಯಿತಿ, ಶಾಲೆ, ಆಸ್ಪತ್ರೆಗಳಲ್ಲಿ ಪರದೆಯ ಮುಂದೆ ಕೂರುತ್ತೇವೆ. ತಪ್ಪು ಮೊದಲು ಕಾಣುವುದು ನಮಗೇ. ಯಂತ್ರ ನಿಂತರೆ ಗಾಬರಿಯಾಗಿ ಆ ಪೆಟ್ಟಿಗೆಯನ್ನು ಮುಚ್ಚಿಬಿಡಬೇಡಿ. ಒಂದು ಚೀಟಿಯ ಮೇಲೆ ಅದರಲ್ಲಿರುವ ವಾಕ್ಯವನ್ನು, ಸಂಖ್ಯೆಯಿದ್ದರೆ ಸಂಖ್ಯೆಯನ್ನು ಹಾಗೆಯೇ ಬರೆದುಕೊಳ್ಳಿ. ಎಷ್ಟು ಗಂಟೆ, ಕೊನೆಯದಾಗಿ ಏನು ಮಾಡಿದಿರಿ, ನಿನ್ನೆಯಿಂದೀಚೆಗೆ ಯಂತ್ರಕ್ಕೆ ಹೊಸದೇನಾದರೂ ಹಾಕಿದ್ದಾರೆಯೇ, ಇಷ್ಟು ಸಾಕು. ಯಾರಿಗೂ ಅಪಾಯವಿಲ್ಲದ ಕೆಲಸವಾದರೆ ಇನ್ನೊಮ್ಮೆ ಮಾಡಿ ನೋಡಿ, ನಿಧಾನವಾಗಿ ಒಮ್ಮೆ, ನಿಮ್ಮ ಎಂದಿನ ವೇಗದಲ್ಲಿ ಒಮ್ಮೆ. ಒಂದು ಸಲಕ್ಕೆ ಒಂದನ್ನೇ ಬದಲಾಯಿಸಿ. ಆಮೇಲೆ ಯಾರಾದರೂ ಬಂದು “ಏನು ಒತ್ತಿದಿರಿ?” ಎಂದರೆ, ಯಾವ ದನಿಯಲ್ಲೇ ಕೇಳಲಿ, ಆ ಚೀಟಿಯನ್ನು ಅವರ ಕೈಗೆ ಕೊಡಿ.