ಗಾಂಧೀಜಿಯ ಆಡಿನ ಹಾಲು, ನಮ್ಮ ರೈಸ್ ಪ್ಲೇಟು: ಪ್ರೋಟೀನ್ ಮತ್ತು ಬೊಜ್ಜಿನ ನೂರು ವರ್ಷದ ಕಥೆ

ವಿಡಿಯೊ ನೋಡೋಕೆ ಪುರುಸೊತ್ತಿಲ್ಲದವರಿಗೆ, ಓದೋದೇ ಇಷ್ಟ ಅನ್ನುವವರಿಗೆ, ಎಂದಿನಂತೆ ಮಾತಿನ ಬರಹ ರೂಪ ಇಲ್ಲಿದೆ.

ಗ್ರಾಂಟ್ ರೋಡ್ ಸ್ಟೇಷನ್ನಿನ ಪಶ್ಚಿಮಕ್ಕೆ ಇಳಿದು, ಭಾಜಿ ಗಲ್ಲಿಯ ಗದ್ದಲ ದಾಟಿ, ನಾನಾ ಚೌಕದಿಂದ ಗಾಮದೇವಿ ಕಡೆ ನಡೆದರೆ ಲೇಬರ್ನಮ್ ರೋಡ್ ಸಿಗುತ್ತದೆ. ಅಲ್ಲಿರುವ ಮಣಿ ಭವನ ನಿಮಗೆಲ್ಲ ಗೊತ್ತು. ರೇವಾಶಂಕರ್ ಜಗಜೀವನ್ ಝವೇರಿ ಅವರ ಮನೆ. 1917ರಿಂದ 1934ರವರೆಗೆ ಗಾಂಧೀಜಿ ಮುಂಬೈಗೆ ಬಂದರೆ ಇಳಿಯುತ್ತಿದ್ದ ಜಾಗ. ಅಲ್ಲಿ ಚರಕ, ಸತ್ಯಾಗ್ರಹ ಎಲ್ಲ ನೋಡಿ ಬರುತ್ತೇವೆ. ನನಗೆ ಇವತ್ತು ಬೇಕಾಗಿರೋದು ಆ ಕಾಲದ ಗಾಂಧೀಜಿಯ ಮೈತೂಕ.

1918ರಲ್ಲಿ ಖೇಡಾ ಜಿಲ್ಲೆಯಲ್ಲಿ ಓಡಾಡುತ್ತಿದ್ದಾಗ ಅವರ ಮುಖ್ಯ ಆಹಾರ ನೆಲಗಡಲೆಯ ಬೆಣ್ಣೆ ಮತ್ತು ನಿಂಬೆಹಣ್ಣು. ಹಾಲನ್ನು 1912ರಲ್ಲೇ ಬಿಟ್ಟಿದ್ದರು. ಆಮಶಂಕೆ ಹಿಡಿಯಿತು, ಮನುಷ್ಯ ಸಾವಿನ ಬಾಗಿಲಿಗೆ ಹೋಗಿ ಬಂದರು. ಮೈಯಲ್ಲಿ ಮಾಂಸವೇ ಉಳಿಯಲಿಲ್ಲ. 1919ರ ಆರಂಭದಲ್ಲಿ ಮುಂಬೈಯ ಡಾ. ದಲಾಲ್ ಖಡಾಖಂಡಿತವಾಗಿ ಹೇಳಿದ್ದು ಒಂದೇ ಮಾತು: ಹಾಲು ಕುಡಿಯದೆ ಈ ಶರೀರವನ್ನು ಮತ್ತೆ ಕಟ್ಟಲಾಗದು. ಗಾಂಧೀಜಿ ಒಪ್ಪಲಿಲ್ಲ, ವ್ರತ ಇದೆ ಅಂದರು. ಆಗ ಕಸ್ತೂರಬಾ, ನಿಮ್ಮ ವ್ರತ ಹಸು-ಎಮ್ಮೆಯ ಹಾಲಿಗೆ ತಾನೆ, ಆಡಿನ ಹಾಲಿಗೇನು ಅಡ್ಡಿ ಅಂತ ಕೇಳಿದರು. ಎಂಥ ವಕೀಲಿಕೆ ನೋಡಿ! ಬ್ಯಾರಿಸ್ಟರ್ ಸೋತರು. ವ್ರತದ ಅಕ್ಷರ ಉಳಿಯಿತು, ಆತ್ಮ ಹೋಯಿತು ಎಂದು ಮುಂದೆ ಆತ್ಮಕಥೆಯಲ್ಲಿ ನೊಂದುಕೊಂಡಿದ್ದಾರೆ.

ಡಾಕ್ಟರು ಹೇಳಿದ 'ಶರೀರ ಕಟ್ಟುವುದು' ಅನ್ನುವ ಮಾತನ್ನು ಹಿಡಿದುಕೊಳ್ಳಿ. ಆ ಕಾಲದಲ್ಲಿ ಪ್ರೋಟೀನ್ ಅಂದರೆ ಅಷ್ಟೇ ಅರ್ಥ, ಬಡಕಲು ದೇಹಕ್ಕೆ ಮಾಂಸ ತುಂಬುವ ಪದಾರ್ಥ. ಬೊಜ್ಜಿನ ದೇಹಕ್ಕೂ ಅದಕ್ಕೂ ಏನು ಸಂಬಂಧ ಅಂತ ಯಾರೂ ಕೇಳುತ್ತಿರಲಿಲ್ಲ.

ಕೇಳುವುದಕ್ಕೆ ಬೇಕಾದ ಮೂಲ ಸಂಗತಿ ಮಾತ್ರ ಆಗಲೇ ಗೊತ್ತಿತ್ತು. ಜರ್ಮನಿಯ ಮ್ಯಾಕ್ಸ್ ರುಬ್ನರ್ 1902ರ ಪುಸ್ತಕದಲ್ಲೇ ಬರೆದಿದ್ದ: ಊಟವಾದ ಮೇಲೆ ದೇಹ ಬಿಸಿಯಾಗುತ್ತದೆ, ಅದರಲ್ಲೂ ಪ್ರೋಟೀನ್ ತಿಂದಾಗ ಅತಿ ಹೆಚ್ಚು. ಸರಳವಾಗಿ ಹೇಳ್ತೀನಿ. ಆಹಾರ ಅರಗಿಸಲು, ಹಂಚಲು, ಜೋಡಿಸಲು ದೇಹವೇ ಒಂದಿಷ್ಟು ಶಕ್ತಿ ಖರ್ಚು ಮಾಡಬೇಕು. ಕೊಬ್ಬಿನ 100 ಕ್ಯಾಲರಿಗೆ ಈ ಖರ್ಚು 0ಯಿಂದ 3, ಅನ್ನ-ರೊಟ್ಟಿಯ ಪಿಷ್ಟಕ್ಕೆ 5ರಿಂದ 10, ಪ್ರೋಟೀನಿಗೆ 20ರಿಂದ 30. ಅಮೈನೋ ಆಮ್ಲಗಳನ್ನು ಹೊಸ ಪ್ರೋಟೀನಾಗಿ ಹೆಣೆಯಬೇಕು, ಮಿಕ್ಕಿದ್ದರ ಸಾರಜನಕವನ್ನು ಯೂರಿಯಾ ಮಾಡಿ ಹೊರಹಾಕಬೇಕು. ಎರಡೂ ದುಬಾರಿ ಕೆಲಸ.

ನಮ್ಮ ದೇಶಕ್ಕೆ ಈ ವಿಜ್ಞಾನ ಬಂದದ್ದು ಬೇರೆಯೇ ವೇಷದಲ್ಲಿ. ಕಲ್ಕತ್ತಾ ಮೆಡಿಕಲ್ ಕಾಲೇಜಿನ ಡೇವಿಡ್ ಮೆಕೇ ಜೈಲಿನ ಕೈದಿಗಳ ಊಟ ಅಳೆದು 1912ರಲ್ಲಿ ಪುಸ್ತಕ ಬರೆದ. ಬಂಗಾಳಿಗಳು ಅನ್ನ ತಿಂದು ದುರ್ಬಲರು, ಗೋಧಿ-ಮಾಂಸ ತಿನ್ನುವವರು ಶೂರರು ಅನ್ನುವ ಧಾಟಿ. ಅಳತೆ ನಿಜವೇ ಇರಬಹುದು, ತೀರ್ಪು ಮಾತ್ರ ಸಾಮ್ರಾಜ್ಯದ್ದು. ಅದೇ ಹೊತ್ತಿಗೆ ಅಮೆರಿಕದ ಬಾಸ್ಟನ್ನಿನಲ್ಲಿ ಫ್ರಾನ್ಸಿಸ್ ಬೆನೆಡಿಕ್ಟ್ ಇನ್ನೊಂದು ಪ್ರಯೋಗ ಮಾಡುತ್ತಿದ್ದ. ಮಾಲ್ಟಾದ ಲೆವಾಂಜಿನ್ ಎಂಬಾತ 1912ರಲ್ಲಿ 31 ದಿನ ಬರೀ ನೀರು ಕುಡಿದು ಅವನ ಪ್ರಯೋಗಾಲಯದಲ್ಲಿ ಮಲಗಿದ. ಉಪವಾಸ ಮುಂದುವರಿದಂತೆ ಕೊಬ್ಬಿನ ಜೊತೆ ಸ್ನಾಯುವಿನ ಪ್ರೋಟೀನೂ ಕರಗಿತು, ದೇಹ ಉರಿಸುವ ಶಕ್ತಿಯೂ ಇಳಿಯುತ್ತಾ ಹೋಯಿತು. ಒಲೆಯೇ ಚಿಕ್ಕದಾದರೆ ಸೌದೆ ಕಡಿಮೆ ಸಾಕು ತಾನೆ. ಇವತ್ತು 'ಒಂದು ತಿಂಗಳಲ್ಲಿ ಹತ್ತು ಕಿಲೋ' ಅಂತ ಬರೀ ಸೂಪು, ಹಣ್ಣಿನ ರಸ ಕುಡಿಯುವವರು ಈ ಲೆವಾಂಜಿನ್‌ನನ್ನು ನೆನೆಯಬೇಕು. ಸುಮ್ಮನೆ ಊಟ ಕಡಿಮೆ ಮಾಡಿ ಇಳಿಸಿದ ತೂಕದಲ್ಲಿ ಸುಮಾರು ಕಾಲು ಭಾಗ ಕೊಬ್ಬಲ್ಲ.

ಇದೇ ಬೆನೆಡಿಕ್ಟ್ ಮುಂದೆ ಮದ್ರಾಸಿನ ವಿಮೆನ್ಸ್ ಕ್ರಿಶ್ಚಿಯನ್ ಕಾಲೇಜಿನ ಎಲಿನರ್ ಮೇಸನ್ ಜೊತೆ ಸೇರಿ ದಕ್ಷಿಣ ಭಾರತದ ಹೆಂಗಸರ ವಿಶ್ರಾಂತ ಚಯಾಪಚಯ ಅಳೆದ. 1931ರಲ್ಲಿ ಪ್ರಕಟವಾಯಿತು: ಪಾಶ್ಚಾತ್ಯ ಹೆಂಗಸರಿಗಿಂತ ಸಾಕಷ್ಟು ಕಡಿಮೆ. ಯಾಕೆ? ಹವೆಯೋ, ಜನಾಂಗವೋ? ಈ ಪ್ರಶ್ನೆ ಅರವತ್ತು ಚಿಲ್ಲರೆ ವರ್ಷ ಎಳೆಯಿತು. ಉತ್ತರ ಸಿಕ್ಕಿದ್ದರಲ್ಲಿ ನಮ್ಮ ಬೆಂಗಳೂರಿನ ಸೇಂಟ್ ಜಾನ್ಸ್ ಮೆಡಿಕಲ್ ಕಾಲೇಜಿನ ದೊಡ್ಡ ಪಾಲಿದೆ. ಅಲ್ಲಿ ದುಡಿದ ಪ್ರಕಾಶ್ ಶೆಟ್ಟಿ, ಮಾರಿಯೋ ಸೋರೆಸ್ ಮತ್ತು ಸಂಗಡಿಗರು 1998ರಲ್ಲಿ ಭಾರತ, ಆಸ್ಟ್ರೇಲಿಯಾಗಳ ಅಳತೆಗಳನ್ನು ಪಕ್ಕಪಕ್ಕ ಇಟ್ಟು ನೋಡಿದರು. ಕೊಬ್ಬನ್ನು ಬಿಟ್ಟು ಉಳಿದ ದೇಹದ ಲೆಕ್ಕದಲ್ಲಿ ಹೋಲಿಸಿದಾಗ ಜನಾಂಗದ ವ್ಯತ್ಯಾಸ ಮಾಯ! ನಮ್ಮ ಬೆಂಕಿ ತಣ್ಣಗಿಲ್ಲ, ಒಲೆ ಸಣ್ಣದು ಅಷ್ಟೆ. ನನ್ನ ಮಟ್ಟಿಗೆ ಈ ಇಡೀ ಕಥೆಯಲ್ಲಿ ಇದಕ್ಕಿಂತ ಮುಖ್ಯವಾದ ಸಂಗತಿ ಇಲ್ಲ. ಮೆಕೇ ಹೇಳಿದ ಜನಾಂಗದ ಮಾತಿಗೆ ನಿಜವಾದ ಉತ್ತರ ಇದು.

ನಡುವಿನ ಕಾಲವನ್ನು ಬೇಗ ದಾಟೋಣ. ಸ್ವಾತಂತ್ರ್ಯದ ನಂತರ 'ಪ್ರೋಟೀನ್ ಕೊರತೆ' ಜಗತ್ತಿನ ದೊಡ್ಡ ಚಿಂತೆಯಾಯಿತು. ಮೈಸೂರಿನ ಸಿಎಫ್‌ಟಿಆರ್‌ಐ 1950ರಲ್ಲಿ ಶುರುವಾಯಿತು. ನೆಲಗಡಲೆ ಹಿಂಡಿಯ ಹಿಟ್ಟು, ಕಡಲೆ ಹಿಟ್ಟು ಬೆರೆಸಿ ಪೌಷ್ಟಿಕ ಪುಡಿ ಮಾಡಿದರು. ಆಮೇಲೆ ಸಂಖ್ಯಾಶಾಸ್ತ್ರಜ್ಞ ಪಿ. ವಿ. ಸುಖಾತ್ಮೆ, ಹೊಟ್ಟೆ ತುಂಬ ಊಟ ಸಿಕ್ಕರೆ ಪ್ರೋಟೀನ್ ತಾನಾಗಿ ಸಿಗುತ್ತದೆ ಅಂದರು. 1974ರಲ್ಲಿ ಲ್ಯಾನ್ಸೆಟ್ ಪತ್ರಿಕೆಯಲ್ಲಿ ಡೊನಾಲ್ಡ್ ಮೆಕ್‌ಲಾರೆನ್ ಇಡೀ ಪ್ರೋಟೀನ್ ಗದ್ದಲವೇ ಒಂದು ಫಜೀತಿ ಎಂದು ಬರೆದ. ಹಸಿದವರ ಮಟ್ಟಿಗೆ ಆ ಮಾತಿನಲ್ಲಿ ಹುರುಳಿತ್ತು. ಆದರೆ ಅದರ ಜೊತೆಗೇ ಪ್ರೋಟೀನಿನ ಮಾತು ಮರೆಗೆ ಸರಿಯಿತು, ಅಷ್ಟರಲ್ಲಿ ಹೊಟ್ಟೆ ತುಂಬಿದವರ ಸಂಖ್ಯೆ ಬೆಳೆಯುತ್ತಿತ್ತು.

2004ರಲ್ಲಿ ಅದೇ ಲ್ಯಾನ್ಸೆಟ್‌ನಲ್ಲಿ ಒಂದು ಫೋಟೊ ಬಂತು. ಪುಣೆಯ ಕೆಇಎಂ ಆಸ್ಪತ್ರೆಯ ಡಾ. ಚಿತ್ತರಂಜನ್ ಯಾಜ್ಞಿಕ್, ಪಕ್ಕದಲ್ಲಿ ಲಂಡನಿನ ಜಾನ್ ಯಡ್ಕಿನ್. ಇಬ್ಬರ ಬಿಎಂಐ ಒಂದೇ, 22.3. ಯಡ್ಕಿನ್ ಮೈಯಲ್ಲಿ ಕೊಬ್ಬು ಶೇ. 9.1, ಯಾಜ್ಞಿಕರ ಮೈಯಲ್ಲಿ ಶೇ. 21.2. ತೆಳ್ಳಗೆ ಕಾಣುವ ಭಾರತೀಯನ ಒಳಗೆ ಸ್ನಾಯು ಕಡಿಮೆ, ಕೊಬ್ಬು ಜಾಸ್ತಿ. ಮುಂಬೈ ಕನ್ನಡಿಗರ ಯಾವ ಸಮಾರಂಭಕ್ಕೆ ಬೇಕಾದರೂ ಹೋಗಿ: ಸಪೂರ ಕೈಕಾಲು, ಬೆಲ್ಟಿನ ಮೇಲೆ ಇಳಿದ ಹೊಟ್ಟೆ, ಜೇಬಲ್ಲಿ ಶುಗರ್ ಮಾತ್ರೆ. 'ನಾನೇನು ದಪ್ಪ ಇಲ್ಲವಲ್ಲ ಮಾರಾಯ್ರೇ' ಅಂತಾರೆ. ಅದಕ್ಕೇ 2009ರಲ್ಲಿ ಭಾರತೀಯ ತಜ್ಞರು ಬೊಜ್ಜಿನ ಗೆರೆಯನ್ನು ಬಿಎಂಐ 25ಕ್ಕೆ ಇಳಿಸಿದರು. ಸೊಂಟ ಗಂಡಸರಿಗೆ 90 ಸೆಂ.ಮೀ., ಹೆಂಗಸರಿಗೆ 80.

ಈಗ ನಮ್ಮ ತಟ್ಟೆಗೆ ಬನ್ನಿ. ಉಡುಪಿ, ಕುಂದಾಪುರ ಕಡೆಯಿಂದ ಹುಡುಗರಾಗಿ ಬಂದು, ಹೋಟೆಲಿನಲ್ಲಿ ದುಡಿದು, ರಾತ್ರಿ ಶಾಲೆಯಲ್ಲಿ ಕನ್ನಡ ಓದಿದ ತಲೆಮಾರು ಇಡೀ ಮುಂಬೈಗೆ ಇಡ್ಲಿ-ದೋಸೆ ತಿನ್ನಿಸಿತು. ದಿನವಿಡೀ ನಿಂತು, ಕಲ್ಲಲ್ಲಿ ರುಬ್ಬಿ, ಕೊಡ ಹೊತ್ತವರಿಗೆ ಆ ಊಟ ಅರಗುತ್ತಿತ್ತು. ಮೊಮ್ಮಕ್ಕಳು ಕಂಪ್ಯೂಟರ್ ಮುಂದೆ ಕೂತು ಅದನ್ನೇ ತಿನ್ನುತ್ತಾರೆ. ಇಡ್ಲಿಯೊಂದಕ್ಕೆ ಸುಮಾರು 2 ಗ್ರಾಂ ಪ್ರೋಟೀನ್. ಐಸಿಎಂಆರ್ 2020ರ ಲೆಕ್ಕದಲ್ಲಿ ಮೈತೂಕದ ಕಿಲೋಗೆ 0.83 ಗ್ರಾಂ, ಅಂದರೆ 60 ಕಿಲೋ ಮನುಷ್ಯನಿಗೆ ದಿನಕ್ಕೆ 50 ಗ್ರಾಂ. ಅನ್ನದ ಗುಡ್ಡಕ್ಕೆ ನೀರು ಸಾಂಬಾರು ಸುರಿದರೆ ಅಲ್ಲಿಗೆ ತಲುಪೋದು ಕಷ್ಟ.

ಹಾಗಂತ ಪ್ರೋಟೀನ್ ಪುಡಿ ಮಾರುವವರ ಮಾತಿಗೂ ಮರುಳಾಗಬೇಡಿ. ಲೆಕ್ಕ ಮಾಡೋಣ. 50 ಗ್ರಾಂ ಪಿಷ್ಟದ ಬದಲು 50 ಗ್ರಾಂ ಪ್ರೋಟೀನ್ ತಿಂದರೆ ಅರಗಿಸುವ ಖರ್ಚಿನಲ್ಲಿ ಸಿಗುವ ಲಾಭ ದಿನಕ್ಕೆ ಮೂವತ್ತು-ನಲವತ್ತು ಕ್ಯಾಲರಿ. ಒಂದೂವರೆ ಮಾರಿ ಬಿಸ್ಕತ್ತು! ದೊಡ್ಡ ಲಾಭ ಬೇರೆ ಕಡೆ ಇದೆ. 2005ರ ವೀಗಲ್ ಮತ್ತು ಸಂಗಡಿಗರ ಅಧ್ಯಯನದಲ್ಲಿ ಆಹಾರದ ಪ್ರೋಟೀನ್ ಪಾಲನ್ನು ಶೇ. 15ರಿಂದ 30ಕ್ಕೆ ಏರಿಸಿ, ಬೇಕಾದಷ್ಟು ತಿನ್ನಿ ಅಂದರು. ಜನ ತಾವಾಗಿಯೇ ದಿನಕ್ಕೆ 441 ಕ್ಯಾಲರಿ ಕಡಿಮೆ ತಿಂದರು. 12 ವಾರದಲ್ಲಿ ಸರಾಸರಿ 4.9 ಕಿಲೋ ಇಳಿಯಿತು. ಹಸಿವು ಅಷ್ಟು ಬೇಗ ತಣಿಯುತ್ತದೆ.

ಮತ್ತೆ, 2012ರಲ್ಲಿ ಜಾರ್ಜ್ ಬ್ರೇ ತಂಡ 25 ಜನರಿಗೆ ಎಂಟು ವಾರ ಬೇಕೆಂದೇ ಹೆಚ್ಚು ಉಣಿಸಿತು, ಶೇ. 5, 15, 25 ಪ್ರೋಟೀನ್ ಇಟ್ಟು. ಕೊಬ್ಬು ಮೂರೂ ಗುಂಪಿನಲ್ಲಿ ಹೆಚ್ಚುಕಮ್ಮಿ ಒಂದೇ ಸಮ ಏರಿತು. ಹೆಚ್ಚುವರಿ ಕ್ಯಾಲರಿಗೆ ಪ್ರೋಟೀನ್ ಮಾಫಿ ಕೊಡೋದಿಲ್ಲ. ಆದರೆ ಶೇ. 5ರವರ ಸ್ನಾಯುಭಾಗ 0.7 ಕಿಲೋ ಕರಗಿತ್ತು, ಉಳಿದೆರಡು ಗುಂಪುಗಳಲ್ಲಿ ಮೂರು ಕಿಲೋ ಆಸುಪಾಸು ಬೆಳೆದಿತ್ತು, ವಿಶ್ರಾಂತಿಯ ಶಕ್ತಿ ಖರ್ಚೂ ಏರಿತ್ತು. ಡಾ. ದಲಾಲರ 'ಕಟ್ಟುವುದು' ಮತ್ತೆ ಬಂತು ನೋಡಿ, ಈ ಸಲ ದಪ್ಪಗಿರುವವರ ಲೆಕ್ಕಕ್ಕೆ.

ಮಾಡೋದೇನು ಅಂತ ಕೇಳ್ತೀರಿ. ಅನ್ನ ಅರ್ಧ ಮಾಡಿ, ತೊವ್ವೆ ಗಟ್ಟಿ ಮಾಡಿ. ಮಡಕೆ, ಹೆಸರು ಕಾಳಿನ ಉಸಲಿ ಮರಾಠಿ ನೆರೆಯವರಿಂದ ಕಲಿತಿದ್ದೇವಲ್ಲ, ದಿನಾ ಇರಲಿ. ಅಕ್ಕಿಯಲ್ಲಿ ಕೊರತೆಯಿರುವ ಲೈಸಿನ್ ಬೇಳೆಯಲ್ಲಿದೆ. ತಿನ್ನುವವರಿಗೆ ಬಂಗುಡೆ 100 ಗ್ರಾಮಿಗೆ ಸುಮಾರು 20 ಗ್ರಾಂ ಪ್ರೋಟೀನ್ ಕೊಡುತ್ತದೆ, ಒಂದು ಮೊಟ್ಟೆ 6 ಗ್ರಾಂ. ಉಳಿದವರಿಗೆ ಮೊಸರು, ಪನೀರ್. ಜೊತೆಗೆ ಸ್ನಾಯುವಿಗೆ ಕೆಲಸ ಬೇಕೇ ಬೇಕು, ಇಲ್ಲದಿದ್ದರೆ ತಿಂದದ್ದು ಸ್ನಾಯುವಾಗೋದಿಲ್ಲ. ಕಿಡ್ನಿ ತೊಂದರೆ ಇರುವವರು, ಅದರಲ್ಲೂ ಹಳೆ ಶುಗರ್ ಪೇಷಂಟುಗಳು, ಪ್ರೋಟೀನ್ ಏರಿಸುವ ಮುಂಚೆ ಡಾಕ್ಟರನ್ನು ಕೇಳಲೇಬೇಕು.

ಮುಂದಿನ ವಾರ ಸಿಎಫ್‌ಟಿಆರ್‌ಐನ ಆ ನೆಲಗಡಲೆ ಪುಡಿಯ ಕಥೆ ಪೂರ್ತಿ ಹೇಳ್ತೀನಿ.